ಸಿಂಥಸೈಜರ್‌ಗಳ ಕಡಲಯಾನ

ಸ್ಯಾನ್ ಹೋಸೆಯ ಆ ಗ್ಯಾರೇಜಿನಲ್ಲಿ ಕಾರಿಗೆ ಜಾಗವೇ ಇಲ್ಲ. ಮೂರು ಗೋಡೆಗಳ ಉದ್ದಕ್ಕೂ ಕಬ್ಬಿಣದ ಸ್ಟ್ಯಾಂಡುಗಳು, ಅವುಗಳ ಮೇಲೆ ಎರಡೆರಡು ಅಂತಸ್ತಿನಲ್ಲಿ ಹಳೆಯ ಅನಲಾಗ್ ಸಿಂಥಸೈಜರ್‌ಗಳು. ಬಾಗಿಲ ಪಕ್ಕದಲ್ಲಿ ಮಿನಿಮೋಗ್: ಮರದ ಚೌಕಟ್ಟು, 44 ಕೀ, ಹಿಂದೆ ಎದ್ದು ನಿಂತ ಕಪ್ಪು ಫಲಕದ ತುಂಬ ನಾಬ್‌ಗಳು. ಅದರಾಚೆ ಎರಡೂ ತುದಿಗೆ ಮರದ ಹಲಗೆ ಕೂರಿಸಿದ ಪ್ರಾಫೆಟ್-5. ಎದುರು ಗೋಡೆ ಪೂರ್ತಿ ಜಪಾನಿನವಕ್ಕೆ ಮೀಸಲು: ಬಲಗಡೆ ವೈರುಗಳ ಗೊಂಚಲು ಇಳಿಬಿಟ್ಟುಕೊಂಡಿರುವ ಕಾರ್ಗ್ ಎಂಎಸ್-20, ಅದರ ತಮ್ಮ ಪಾಲಿಸಿಕ್ಸ್, ಮೇಲೆ ಸಾಲು ಸ್ಲೈಡರ್‌ಗಳ ರೋಲಂಡ್ ಜೂನೋ-106. ಎಲ್ಲವಕ್ಕೂ ನಲವತ್ತರ ಮೇಲೆ ವಯಸ್ಸು. ಸ್ವಿಚ್ ಹಾಕಿ ಸ್ವಲ್ಪ ಹೊತ್ತಾದರೆ ಕೋಣೆಯಲ್ಲಿ ಬಿಸಿಯಾದ ಧೂಳು, ಹಳೆಯ ಟ್ರಾನ್ಸ್‌ಫಾರ್ಮರ್ ಎರಡೂ ಬೆರೆತ ವಾಸನೆ ಏಳುತ್ತದೆ.

ಇವುಗಳ ಒಡೆಯ ತೀರ್ಥಹಳ್ಳಿ ಕಡೆಯವನು, ನನ್ನ ಹಳೆಯ ಗೆಳೆಯ. ಹಗಲು ಚಿಪ್ ವಿನ್ಯಾಸದ ನೌಕರಿ, ರಾತ್ರಿ ಈ ಗ್ಯಾರೇಜು. ಈಗ ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ. ಸೋಫಾ, ಮಂಚ, ಟಿವಿ ಎಲ್ಲ ಮಾರಿ ಆಯಿತು. ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಹಾಳೆಗಳನ್ನು ನೋಡಿ, "ಇವನ್ನೂ ಮಾರಿ ಅಲ್ಲೇ ಹೋಗಿ ಕೊಳ್ಳಬಾರದೇನೋ?" ಎಂದೆ.

"ಸೋಫಾ ಎಲ್ಲಿ ಬೇಕಾದರೂ ಸಿಗುತ್ತೆ ಮಾರಾಯ. ಈ ಪ್ರಾಫೆಟ್ ಇನ್ನೊಂದು ಸಿಗಲ್ಲ. ಬೇರೆ ಪ್ರಾಫೆಟ್ ಸಿಗಬಹುದು, ಇದು ಸಿಗಲ್ಲ."

ಅವನ ಮಾತಿನಲ್ಲಿ ಹುರುಳಿದೆ. ಡಿಜಿಟಲ್ ಕೀಬೋರ್ಡು ಲೆಕ್ಕ ಹಾಕಿ ಸದ್ದು ಮಾಡುತ್ತದೆ. ಒಂದೇ ಮಾದರಿಯ ಸಾವಿರ ಪೆಟ್ಟಿಗೆಗಳೂ ಒಂದೇ ಥರ ನುಡಿಯುತ್ತವೆ. ಅನಲಾಗ್ ಸಿಂಥ್‌ನಲ್ಲಿ ಹರಿಯುವ ವಿದ್ಯುತ್ತೇ ಸ್ವರ. ಆಸಿಲೇಟರ್ ಅಲೆಯನ್ನು ಎಬ್ಬಿಸುತ್ತದೆ, ಫಿಲ್ಟರ್ ಅದರ ಅಂಚು ಕೆತ್ತುತ್ತದೆ, ಆಂಪ್ಲಿಫೈಯರ್ ಅದಕ್ಕೆ ಏರಿಳಿತ ಕೊಡುತ್ತದೆ. ಮಿನಿಮೋಗ್‌ನಂಥ ವಾದ್ಯದಲ್ಲಿ ಕೀ ಒತ್ತಿದರೆ ಹೊರಡುವುದು ಒಂದು ವೋಲ್ಟೇಜು. ಒಂದು ಸ್ಥಾಯಿ ಮೇಲೆ ಹೋಗಲು ಸರಿಯಾಗಿ ಒಂದು ವೋಲ್ಟ್ ಹೆಚ್ಚು. ಅಂದರೆ ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದರಿಂದ ಮುಂದಿನದಕ್ಕೆ ಸುಮಾರು 83 ಮಿಲಿವೋಲ್ಟ್ ಅಂತರ. ಈ ವೋಲ್ಟೇಜನ್ನು ಸ್ವರದ ಎತ್ತರವಾಗಿ ಮಾರ್ಪಡಿಸುವ ಟ್ರಾನ್ಸಿಸ್ಟರ್ ಜೋಡಿಗೆ ಬಿಸಿ ತಾಗಿದರೆ ಲೆಕ್ಕ ತಪ್ಪುತ್ತದೆ. ಒಂದು ಡಿಗ್ರಿ ಏರಿದರೆ ಶೇಕಡ 0.33ರಷ್ಟು ವ್ಯತ್ಯಾಸ. ಅದನ್ನು ಸರಿದೂಗಿಸಲೆಂದೇ ಪಕ್ಕದಲ್ಲಿ ವಿಶೇಷ ರೆಸಿಸ್ಟರ್ ಕೂರಿಸಿರುತ್ತಾರೆ. ಆದರೂ ಚಳಿಯ ಬೆಳಗಿನಲ್ಲಿ ಸ್ವಿಚ್ ಹಾಕಿದೊಡನೆ ನುಡಿಸಲಾಗದು. ಎಸಿ ಸಭಾಂಗಣಕ್ಕೆ ತಂದ ವೀಣೆಯನ್ನು ಕಛೇರಿಗೆ ಮೊದಲು ಸ್ವಲ್ಪ ಹೊತ್ತು ಇಟ್ಟು, ಅಲ್ಲಿನ ಹವೆಗೆ ಒಗ್ಗಿದ ಮೇಲೆ ಮತ್ತೆ ಶ್ರುತಿ ಮಾಡುವ ಹಾಗೆ ಇದಕ್ಕೂ ಪುರಸೊತ್ತು ಕೊಡಬೇಕು. ಬಿಡಿಭಾಗಗಳು ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಬಗೆಯಲ್ಲಿ ಮಾಗಿರುತ್ತವೆ. ಹಾಗಾಗಿಯೇ ಒಂದರ ದನಿ ಇನ್ನೊಂದಕ್ಕಿಲ್ಲ.

ಈ ಪ್ರಾಫೆಟ್ ಇದೇ ಊರಿನ ಕೂಸು. ಡೇವ್ ಸ್ಮಿತ್ ಅವರ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿ ಪ್ರಾಫೆಟ್-5 ಅನ್ನು 1978ರಲ್ಲಿ ಹೊರತಂದದ್ದು ಸ್ಯಾನ್ ಹೋಸೆಯಿಂದ. ಐದು ಸ್ವರ ಒಟ್ಟಿಗೆ ನುಡಿಸಬಹುದು, ಕಟ್ಟಿದ ನಾದವನ್ನು ನೆನಪಿನಲ್ಲಿ ಉಳಿಸಿಕೊಳ್ಳಬಹುದು. ಆ ಕಾಲಕ್ಕೆ ಎರಡೂ ದೊಡ್ಡ ಸಂಗತಿ. ಒಳಗಿನ ಮೈಕ್ರೊಪ್ರೊಸೆಸರ್ 'ಟ್ಯೂನ್' ಗುಂಡಿ ಒತ್ತಿದರೆ ಹತ್ತೂ ಆಸಿಲೇಟರ್‌ಗಳ ಶ್ರುತಿ ಅಳೆದು ತಿದ್ದುತ್ತದೆ. ಮುಂದಿನ ಆವೃತ್ತಿಗೆ ಬೇಕಾದ ಚಿಪ್‌ಗಳನ್ನು ಕೊಟ್ಟವರು ಪಕ್ಕದ ಲಾಸ್ ಗಾಟಸ್‌ನ ಡಗ್ ಕರ್ಟಿಸ್. ಆ ಚಿಪ್ ತಯಾರಿಕೆ ನಿಂತು ಎಷ್ಟೋ ವರ್ಷದ ಮೇಲೆ, 2016ರಲ್ಲಿ, ಅದರಲ್ಲಿ ಮುಖ್ಯವಾದ ಸಿಇಎಂ3340 ಮತ್ತೆ ತಯಾರಾಗತೊಡಗಿದಾಗ ಹಳೆಯ ಸಿಂಥ್ ಇಟ್ಟುಕೊಂಡವರೆಲ್ಲ ನಿಟ್ಟುಸಿರು ಬಿಟ್ಟರು.

ಪ್ಯಾಕಿಂಗ್ ಎಂದರೆ ಪೆಟ್ಟಿಗೆ, ಟೇಪು, ಥರ್ಮಾಕೋಲು ಎಂದು ನಾನು ತಿಳಿದಿದ್ದೆ. ಇಲ್ಲಿ ಕೆಲಸ ಶುರುವಾದದ್ದು ಸ್ಕ್ರೂಡ್ರೈವರ್‌ನಿಂದ. ಗೆಳೆಯ ಪಾಲಿಸಿಕ್ಸ್‌ನ ಮೇಲ್ಮುಚ್ಚಳ ಎತ್ತಿ ನಿಲ್ಲಿಸಿ, ಟಾರ್ಚ್ ಹಿಡಿಯಲು ನನಗೆ ಹೇಳಿದ. ಹಸಿರು ಬೋರ್ಡಿನ ಒಂದು ಮೂಲೆಯಲ್ಲಿ ಬೆಸುಗೆ ಹಾಕಿ ಕೂರಿಸಿದ್ದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಜಾಗ. ಕರೆಂಟ್ ಇಲ್ಲದಾಗಲೂ ನಾದಗಳ ನೆನಪು ಉಳಿಯಲಿ ಎಂದು 1981ರಲ್ಲಿ ಇಟ್ಟದ್ದು. ಕಾಲ ಕಳೆದಂತೆ ಈ ಬ್ಯಾಟರಿ ಕ್ಷಾರವನ್ನು ಕಾರಿಕೊಳ್ಳುತ್ತದೆ. ಬ್ಯಾಟರಿಯನ್ನು ಎಂದೋ ಕಿತ್ತಿದ್ದರೂ ಸುತ್ತಲಿನ ತಾಮ್ರದ ಗೆರೆಗಳ ಮೇಲೆ ಕಿಲುಬು ಕೂತಿತ್ತು. ಎರಡು ಕಡೆ ಕೂದಲೆಳೆಯಷ್ಟು ಗೆರೆ ತಿಂದು ಹೋಗಿತ್ತು. ಹತ್ತಿ ಸುತ್ತಿದ ಕಡ್ಡಿಗೆ ವಿನೆಗರ್ ಅದ್ದಿ ಒರೆಸಿದ, ಆಮೇಲೆ ಆಲ್ಕೋಹಾಲ್‌ನಿಂದ ತೊಳೆದ. ಕಡಿದ ಗೆರೆಗಳನ್ನು ತೆಳುವಾದ ತಂತಿಯಿಂದ ಜೋಡಿಸಿ ಬೆಸುಗೆ ಹಾಕಿದ. ಹೊಗೆಯ ಸಣ್ಣ ಎಳೆ ಎದ್ದು ಮಾಯವಾಯಿತು. ಭೂತಗನ್ನಡಿ ಇಟ್ಟು ನೋಡಿದರೆ ಬೆಸುಗೆಯ ಹನಿ ಬೆಳ್ಳಿಯ ಹೊಳಪಿನಲ್ಲಿ ಕೂತಿತ್ತು.

ಇದನ್ನು ಮಾಡದೆ ಹಡಗು ಹತ್ತಿಸಿದ್ದರೆ? ಕಂಟೇನರ್‌ನ ತೇವಕ್ಕೆ ಉಳಿದ ಕ್ಷಾರ ಮತ್ತೆ ಎಚ್ಚೆತ್ತು ತಿನ್ನತೊಡಗುತ್ತಿತ್ತು. ಓಕ್‌ಲೆಂಡ್ ಬಂದರು ಬಿಟ್ಟ ಪೆಟ್ಟಿಗೆ ಪನಾಮಾ ಕಾಲುವೆಯ ಬಿಸಿ ಹಬೆಯಲ್ಲಿ ಹಾಯ್ದು ಅಟ್ಲಾಂಟಿಕ್ ದಾಟಬೇಕು. ಹಗಲು ಕಾದು ರಾತ್ರಿ ತಣಿದಾಗ ಕಂಟೇನರ್‌ನ ತಗಡು ಒಳಗೇ ಬೆವರಿ ನೀರು ತೊಟ್ಟಿಕ್ಕುತ್ತದೆ.

ಜೂನೋ-106ಕ್ಕೆ ಬೇರೆಯೇ ಕಾಯಿಲೆ. 1984ರ ಈ ವಾದ್ಯದಲ್ಲಿ ಆರು ಸ್ವರಗಳಿಗೆ ಆರು ಪುಟ್ಟ ಕಪ್ಪು ಚಿಪ್‌ಗಳು, ಹೆಸರು 80017ಎ. ರಕ್ಷಣೆಗೆಂದು ಬಳಿದ ಕಪ್ಪು ರಾಳವೇ ವಯಸ್ಸಾದಂತೆ ವಿದ್ಯುತ್ ಸೋರಿಸತೊಡಗುತ್ತದೆ. ಆರನೆಯ ಕೀಗೊಮ್ಮೆ ಸ್ವರ ಗೊರಗೊರ ಎಂದರೆ ಒಂದು ಚಿಪ್ ಕೈಕೊಟ್ಟಿದೆ ಎಂದೇ ಲೆಕ್ಕ. ಚಿಪ್ ಬಿಡಿಸಿ, ಅಸಿಟೋನ್‌ನಲ್ಲಿ ನೆನೆಸಿ, ರಾಳವನ್ನು ಸುಲಿದು ತೆಗೆದರೆ ಅನೇಕ ಸಲ ಜೀವ ಮರಳುತ್ತದೆ.

ಇಷ್ಟನ್ನೂ ಅವನಿಗೆ ಕಲಿಸಿದವರು ಅದೇ ಊರಿನ ಒಬ್ಬ ವಯಸ್ಸಾದ ತಂತ್ರಜ್ಞರು. ಜೀವಮಾನವಿಡೀ ಸಿಂಥ್ ರಿಪೇರಿ ಮಾಡಿದವರು, ಈಗ ಕೈ ನಡುಗುತ್ತದೆ. ವಲಸೆಯ ಸುದ್ದಿ ತಿಳಿದಾಗ ಅವರು ಹೇಳಿದ್ದು ಒಂದೇ ಮಾತಂತೆ: ಪೆಟ್ಟಿಗೆ ಆಮೇಲೆ ಮಾಡು, ಮೊದಲು ನನ್ನ ಪಕ್ಕ ಬಂದು ಕೂರು. ಗೆಳೆಯ ತಿಂಗಳುಗಟ್ಟಲೆ ಸಂಜೆ ಹೊತ್ತು ಹೋಗಿ ಕೂತ. ಯಾವ ಟ್ರಿಮ್ಮರ್ ತಿರುಗಿಸಿದರೆ ಮೇಲಿನ ಸ್ಥಾಯಿ ಸರಿಹೋಗುತ್ತದೆ, ಯಾವುದನ್ನು ಮುಟ್ಟಲೇಬಾರದು, ಆಸಿಲೊಸ್ಕೋಪಿನಲ್ಲಿ ಅಲೆಯ ಹಲ್ಲು ಎಷ್ಟು ಚೂಪಿರಬೇಕು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರಹ ಕನ್ನಡದಲ್ಲಿ, ಭಾಗಗಳ ಹೆಸರು ಮಾತ್ರ ಇಂಗ್ಲಿಷಿನವು. ಒಂದು ಪುಟದಲ್ಲಿ "ಈ ಸ್ಕ್ರೂ ಗಿಡ್ಡದು, ಉದ್ದದ್ದು ಹಾಕಿದರೆ ಬೋರ್ಡಿಗೆ ತಾಗುತ್ತೆ" ಎಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದ. ಯಾವ ಸರ್ವಿಸ್ ಮ್ಯಾನ್ಯುಯಲ್‌ನಲ್ಲೂ ಇಲ್ಲದ ಮಾತದು.

ಆಮೇಲೆ ಬಂತು ಪೆಟ್ಟಿಗೆಯ ಕೆಲಸ. ಮಿನಿಮೋಗ್‌ನ ಫಲಕ ಮಡಚಿ ಚಪ್ಪಟೆಯಾಗಿ ಮಲಗುತ್ತದೆ, ಪ್ರಯಾಣಕ್ಕೆ ಹೇಳಿಮಾಡಿಸಿದ ಅನುಕೂಲ. ಗುಳ್ಳೆ ಪ್ಲಾಸ್ಟಿಕ್ಕನ್ನು ಮೈಗೆ ನೇರ ಸುತ್ತಿದರೆ ಸೆಕೆಗೆ ಅದರ ಗುರುತು ಮೂಡುತ್ತದೆಂದು ಮೊದಲು ಹಳೆಯ ಪಂಚೆಯ ಬಟ್ಟೆ, ಮೇಲೆ ಫೋಮ್, ಸಿಲಿಕಾ ಜೆಲ್ ಚೀಲ, ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ. ಕೀಗಳು ಕುಣಿಯದಂತೆ ಉದ್ದನೆಯ ಫೋಮ್ ಪಟ್ಟಿ. ಹೊರಗಿನ ಕವಚ ಪ್ಲೈವುಡ್. ಪ್ಲೈವುಡ್‌ಗೆ ತೊಂದರೆ ಇಲ್ಲ. ಮೂಲೆಗಳಿಗೆ ಹೊಡೆದ ಗಟ್ಟಿ ಮರದ ರೀಪರ್‌ಗಳಿಗೆ ಮಾತ್ರ ಅಂತರರಾಷ್ಟ್ರೀಯ ನಿಯಮವುಂಟು. ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು. ಮರ ಕೊರೆಯುವ ಹುಳುಗಳು ದೇಶ ದಾಟಬಾರದೆಂದು ಈ ಏರ್ಪಾಡು. ಹಾಗೆ ಕಾಯಿಸಿದ ಮರಕ್ಕೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಒತ್ತಿರುತ್ತಾರೆ. ಆ ಮುದ್ರೆ ಹೊರಗೆ ಕಾಣುವಂತೆ ರೀಪರ್ ಹೊಡೆದೆವು. ಪುಣ್ಯಕ್ಕೆ ಅವನ ಹತ್ತಿರ ಯಮಾಹಾ ಸಿಎಸ್-80 ಇರಲಿಲ್ಲ. 'ಬ್ಲೇಡ್ ರನ್ನರ್' ಚಿತ್ರಕ್ಕೆ ವಾಂಗೆಲಿಸ್ ನುಡಿಸಿದ ಆ ವಾದ್ಯ ಸುಮಾರು 100 ಕಿಲೋ ತೂಗುತ್ತದೆ.

ಕಾಗದಪತ್ರದ ಬಗ್ಗೆ ಜನ ಹೆದರುವಷ್ಟು ಹೆದರಬೇಕಿಲ್ಲ. ಹೊರಗಿನಿಂದ ಬಂದು ಐರೋಪ್ಯ ಒಕ್ಕೂಟದಲ್ಲಿ ನೆಲೆಸುವವರ ಮನೆ ಸಾಮಾನಿಗೆ ಸುಂಕ ವಿನಾಯಿತಿ ಇದೆ. ಹೊರಗೆ ಕನಿಷ್ಠ 12 ತಿಂಗಳು ವಾಸವಿದ್ದಿರಬೇಕು, ಸಾಮಾನು ಕನಿಷ್ಠ ಆರು ತಿಂಗಳು ಬಳಕೆಯಲ್ಲಿದ್ದಿರಬೇಕು, ಬಂದ ಮೇಲೆ 12 ತಿಂಗಳು ಅದನ್ನು ಮಾರಬಾರದು, ಬಾಡಿಗೆಗೂ ಕೊಡಬಾರದು. ಒಂದೊಂದರ ಕ್ರಮಸಂಖ್ಯೆ, ಫೋಟೊ, ಕೊಂಡ ರಸೀದಿ, ರಿಪೇರಿಯ ಬಿಲ್ಲು ಎಲ್ಲವನ್ನೂ ಅವನು ಪಟ್ಟಿ ಮಾಡಿದ. ಅಂಗಡಿ ಇಡಲು ತಂದದ್ದಲ್ಲ, ನುಡಿಸುವವನ ಸ್ವಂತ ವಾದ್ಯ ಎಂಬುದಕ್ಕೆ ರಿಪೇರಿ ಬಿಲ್ಲಿಗಿಂತ ಒಳ್ಳೆಯ ಸಾಕ್ಷಿ ಯಾವುದಿದೆ?

ನಿಜವಾದ ಅಪಾಯ ಕಾದಿರುವುದು ಗೋಡೆಯ ಪ್ಲಗ್ಗಿನಲ್ಲಿ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜರ್ಮನಿಯಲ್ಲಿ ನಮ್ಮಲ್ಲಿರುವ ಹಾಗೆ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಿಂದ ಮಿಕ್ಸಿಯೋ ಟೇಪ್ ರೆಕಾರ್ಡರೋ ತಂದು ಬೆಂಗಳೂರಿನಲ್ಲಿ ಸುಟ್ಟುಕೊಂಡವರಿಗೆ ಈ ಪಾಠ ಗೊತ್ತು. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಕೆಲವು ಸಿಂಥ್‌ಗಳಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ. ಕೆಲವದರಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್‌ನ ಎರಡು ಸುರುಳಿಗಳನ್ನು ಬೇರೆ ಥರ ಜೋಡಿಸಿ, ಫ್ಯೂಸ್ ಬದಲಿಸಬೇಕು. ಆ ಸೌಲಭ್ಯ ಇಲ್ಲದ್ದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ರೇ ಗತಿ. ಗೆಳೆಯ ಪ್ರತಿ ವಾದ್ಯದ ಪವರ್ ವೈರಿಗೂ ಒಂದೊಂದು ಚೀಟಿ ಕಟ್ಟಿದ: "120 ಮಾತ್ರ. ನೇರ ಹಾಕಬೇಡ."

ಸಿಂಥಸೈಜರ್‌ಗಳ ವಲಸೆ ಹೊಸತೇನಲ್ಲ. ಅದರಲ್ಲಿ ಭಾರತದ ಪಾಲೂ ಇದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಅಮೆರಿಕದಿಂದ ಮೋಗ್ ಮಾಡ್ಯುಲರ್ ಸಿಂಥಸೈಜರ್ ಬಂತು. ಅದನ್ನು ಅಲ್ಲಿ ಸಜ್ಜುಗೊಳಿಸಿ, ಬಳಕೆ ಹೇಳಿಕೊಟ್ಟವರು ಸಂಗೀತಗಾರ ಡೇವಿಡ್ ಟ್ಯೂಡರ್. ಅವರು ಹಿಂತಿರುಗಿದ ಮೇಲೂ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಇವರೆಲ್ಲರ ರಚನೆಗಳು ಆ ಸ್ಟುಡಿಯೊದಿಂದ ಬಂದವು. 1972ರ ಹೊತ್ತಿಗೆ ಆ ಚಟುವಟಿಕೆ ನಿಂತಿತು. ಟೇಪುಗಳು ಕಪಾಟಿನಲ್ಲಿ ಉಳಿದವು; ದಶಕಗಳ ನಂತರ ಬ್ರಿಟಿಷ್ ಕಲಾವಿದ ಪಾಲ್ ಪರ್ಗಸ್ ಹುಡುಕಿ ತೆಗೆದಾಗಷ್ಟೇ ಲೋಕಕ್ಕೆ ಕೇಳಿಸಿದವು. ಬಾಲಿವುಡ್‌ನಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಸಿಂಗಪುರದಲ್ಲಿ ಕೊಂಡ ರೋಲಂಡ್ ವಾದ್ಯಗಳನ್ನು ಮುಂಬೈಗೆ ತಂದು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ಆಗ ಕಿವಿಗೊಟ್ಟವರು ಕಡಿಮೆ. 2010ರಲ್ಲಿ ಅದು ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು.

ಇವುಗಳ ಜೊತೆ ಟೊಂಟೊ ಕಥೆಯನ್ನೂ ಇಟ್ಟು ನೋಡಬೇಕು. ಮಾಲ್ಕಂ ಸೆಸಿಲ್ ಮತ್ತು ರಾಬರ್ಟ್ ಮಾರ್ಗುಲೆಫ್ ಕಟ್ಟಿದ, ಕೋಣೆ ತುಂಬುವ ಅರ್ಧಚಂದ್ರಾಕಾರದ ಸಿಂಥಸೈಜರ್ ಅದು. ಸ್ಟೀವಿ ವಂಡರ್ ಅವರ 'ಟಾಕಿಂಗ್ ಬುಕ್', 'ಇನ್ನರ್‌ವಿಷನ್ಸ್' ಆಲ್ಬಮ್‌ಗಳಲ್ಲಿ ಅದರ ನಾದ ತುಂಬಿದೆ. 2013ರಲ್ಲಿ ಅದು ಅಮೆರಿಕದಿಂದ ಗಡಿ ದಾಟಿ ಕೆನಡಾದ ಕ್ಯಾಲ್ಗರಿಯ ನ್ಯಾಷನಲ್ ಮ್ಯೂಸಿಕ್ ಸೆಂಟರ್ ಸೇರಿತು. ತಂದು ಪ್ರದರ್ಶನಕ್ಕಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಅಲ್ಲಿನ ತಂತ್ರಜ್ಞ ಜಾನ್ ಲೈಮ್‌ಸೈಡರ್ ಅದರ ಮುಂದೆ ವರ್ಷಗಟ್ಟಲೆ ಕೂತರು. 2018ರಲ್ಲಿ ಟೊಂಟೊ ಮತ್ತೆ ನುಡಿಯಿತು. ಲೈಮ್‌ಸೈಡರ್ ಅದೇ ವರ್ಷ ತೀರಿಕೊಂಡರು.

ಈ ಎಲ್ಲದರಿಂದ ನನಗೆ ಮನದಟ್ಟಾದದ್ದು ಇಷ್ಟು: ಹಡಗು ಪೆಟ್ಟಿಗೆಯನ್ನಷ್ಟೇ ದಾಟಿಸುತ್ತದೆ. ವಾದ್ಯ ದಾಟಬೇಕಾದರೆ ಅದನ್ನು ಬಲ್ಲ ಕೈಯೂ ಜೊತೆಗೆ ಹೋಗಬೇಕು. ಕರೆಂಟು, ಹವೆ, ಬಿಡಿಭಾಗ, ರಿಪೇರಿಯವರು ಎಲ್ಲ ಬದಲಾಗುವ ಊರಿನಲ್ಲಿ ತಿಳಿವಳಿಕೆಯೊಂದೇ ಬದಲಾಗದ ಆಸರೆ.

ಬರ್ಲಿನ್‌ಗೆ ಪೆಟ್ಟಿಗೆಗಳು ತಲುಪಿದಾಗ ಗೆಳೆಯ ಆತುರಪಡಲಿಲ್ಲ. ಒಳಗೂ ಹೊರಗೂ ಹವೆ ಒಂದಾಗಲೆಂದು ಒಂದಿಡೀ ದಿನ ಮುಚ್ಚಳ ತೆರೆಯದೆ ಬಿಟ್ಟ. ಆಮೇಲೆ ಒಂದೊಂದನ್ನೇ ಬಿಚ್ಚಿ, ಬೋರ್ಡುಗಳನ್ನು ಒತ್ತಿ ಕೂರಿಸಿ, ಟ್ರಾನ್ಸ್‌ಫಾರ್ಮರ್ ಜೋಡಣೆ ಬದಲಿಸಿ, ಮೀಟರ್ ಹಿಡಿದು ಅಳೆದ ಮೇಲೆಯೇ ಸ್ವಿಚ್ ಹಾಕಿದ. ಪ್ರಾಫೆಟ್‌ನ ಒಂದು ಸ್ವರ ಮೊದಲು ಬೇಸೂರಾಗಿ ಆಮೇಲೆ ಸರಿಹೋಯಿತಂತೆ. ಜೂನೋ ಒಂದು ಸ್ವರ ಕಳೆದುಕೊಂಡಿತ್ತು. ಪ್ರಯಾಣದಲ್ಲಿ ಸಡಿಲವಾದ ಬೆಸುಗೆಯನ್ನು ತಾನೇ ಹುಡುಕಿ ಸರಿಪಡಿಸಿದೆ ಎಂದು ಫೋನಿನಲ್ಲಿ ಹೇಳುವಾಗ ಅವನ ದನಿಯಲ್ಲಿ ಹಬ್ಬವಿತ್ತು.

ಅವನು ಸೇರಿರುವುದು ಸಿಂಥಸೈಜರ್ ಸಂಗೀತಕ್ಕೆ ಹೆಸರಾದ ಟ್ಯಾಂಜರೀನ್ ಡ್ರೀಮ್ ತಂಡ 1967ರಲ್ಲಿ ಹುಟ್ಟಿದ ಊರು. 2016ರಲ್ಲಿ ಆರಂಭವಾದ ಸೂಪರ್‌ಬೂತ್ ಎಂಬ ಸಿಂಥಸೈಜರ್ ಮೇಳವೂ ಅಲ್ಲಿಯದೇ. ನುಡಿಸುವವರಿಗೆ ಅಲ್ಲಿ ಬರವಿಲ್ಲ, ಬಿಚ್ಚಿ ಸರಿಪಡಿಸಲು ಕಲಿಯುವ ಆಸೆಯವರೂ ಇದ್ದಾರೆ. ಅಂಥ ಇಬ್ಬರು ಹುಡುಗರು ಈಗ ವಾರಕ್ಕೊಮ್ಮೆ ಅವನ ಮನೆಗೆ ಬರುತ್ತಾರೆ. ಅವರಿಗಾಗಿ ನೋಟ್‌ಬುಕ್ಕನ್ನು ಇಂಗ್ಲಿಷಿಗೆ ಇಳಿಸುತ್ತಿದ್ದಾನೆ. ಹಳೆಯ ವಾದ್ಯವನ್ನು ಪರದೇಶಕ್ಕೆ ಒಯ್ಯುವ ಯಾರೇ ಆಗಲಿ ಇದನ್ನೊಂದು ಕರ್ತವ್ಯವೆಂದು ತಿಳಿಯಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ಹೊರಡುವ ಊರಿನಲ್ಲಿ ಬಲ್ಲವರ ಪಕ್ಕ ಕೂತು ಕಲಿಯಿರಿ. ಸೇರಿದ ಊರಿನಲ್ಲಿ ಒಬ್ಬರಿಗಾದರೂ ಕಲಿಸಿ. ತಯಾರಾದ ಪೆಟ್ಟಿಗೆಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ, ಅವನ್ನು ಬಲ್ಲವರ ಸಂಖ್ಯೆಯನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿದೆ.