ಗೋಡೆಯೊಳಗಿನ ಗಡಿಯಾರ, ಮನದೊಳಗಿನ ಅಳುಕು

ಎಳೆಯ ಮಕ್ಕಳ ಕೈಯಲ್ಲಿ ದೆವ್ವ, ಮಾಟ, ಸ್ಮಶಾನಗಳ ಕಥೆಯ ಪುಸ್ತಕವನ್ನು ಕಂಡಾಗ ಹಿರಿಯರ ಮನಸ್ಸು ಕಳವಳಗೊಳ್ಳುವುದು ಸಹಜ. "ಓದಲು ಬೇರೆ ಪುಸ್ತಕಗಳೇ ಇಲ್ಲವೇ?" ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಹತ್ತು ವರ್ಷದ ನನ್ನ ಮಗ ಶಾಲೆಯ ಗ್ರಂಥಾಲಯದಿಂದ ಅಂಥದೊಂದು ಇಂಗ್ಲಿಷ್ ಪುಸ್ತಕವನ್ನು ತಂದಾಗ ನಾನೂ ಹಾಗೆಯೇ ಗದರಿದೆ. ಮರುದಿನವೇ ಅದನ್ನು ಹಿಂದಿರುಗಿಸಬೇಕೆಂಬ ನಿಶ್ಚಯದಿಂದ, ಅವನು ಮಲಗಿದ ಮೇಲೆ ಒಂದೆರಡು ಪುಟ ತಿರುವಿದೆ. ಪುಸ್ತಕವನ್ನು ಕೆಳಗಿಟ್ಟಾಗ ನಡುರಾತ್ರಿ ಕಳೆದಿತ್ತು. ಜಾನ್ ಬೆಲೇರ್ಸ್ ಎಂಬ ಲೇಖಕರು ಹೀಗೆ ನಡುವಯಸ್ಸಿನಲ್ಲಿ, ಮಗನ ಮೂಲಕ ನನಗೆ ಪರಿಚಯವಾದರು.

ಬೆಲೇರ್ಸ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದ ಮಾರ್ಷಲ್ ಎಂಬ ಚಿಕ್ಕ ಊರಿನಲ್ಲಿ. ಹಳೆಯ ಕಾಲದ ಭವ್ಯ ಮನೆಗಳಿಗೆ ಆ ಊರು ಹೆಸರಾದುದು. ಕೆಲಕಾಲ ಕಾಲೇಜುಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು, ಹಿರಿಯ ಓದುಗರಿಗಾಗಿ ಕೆಲವು ಕೃತಿಗಳನ್ನು ಬರೆದ ನಂತರ, 1973ರಲ್ಲಿ 'ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದೇ ನನ್ನ ಮಗ ತಂದ ಪುಸ್ತಕ. ಎಡ್ವರ್ಡ್ ಗೋರಿಯವರ ಕಪ್ಪುಬಿಳುಪಿನ ರೇಖಾಚಿತ್ರಗಳು ಕಥೆಯ ಮಬ್ಬು ವಾತಾವರಣಕ್ಕೆ ಹೇಳಿ ಮಾಡಿಸಿದಂತಿವೆ.

ಕಥೆ ನಡೆಯುವುದು 1948ರಲ್ಲಿ, ನ್ಯೂ ಜೆಬಡಿ ಎಂಬ ಕಲ್ಪಿತ ಊರಿನಲ್ಲಿ. ಲೇಖಕರ ಹುಟ್ಟೂರೇ ಅದಕ್ಕೆ ಮಾದರಿ. ಹತ್ತು ವರ್ಷದ ಲೂಯಿಸ್ ತಂದೆತಾಯಿಗಳನ್ನು ಅಪಘಾತದಲ್ಲಿ ಕಳೆದುಕೊಂಡು, ಎಂದೂ ಕಂಡಿರದ ಚಿಕ್ಕಪ್ಪ ಜೊನಾಥನ್ನನ ಮನೆಗೆ ಬರುತ್ತಾನೆ. ಅವನು ದಪ್ಪ ಮೈಯ, ಆಟಕ್ಕೆ ಒದಗದ, ಬೇಗನೆ ಕಣ್ಣೀರಿಡುವ ಹುಡುಗ. ಚಿಕ್ಕಪ್ಪನೋ ಅಲ್ಪಸ್ವಲ್ಪ ಇಂದ್ರಜಾಲ ಬಲ್ಲವನು. ಪಕ್ಕದ ಮನೆಯ ಝಿಮರ್‌ಮನ್ ಎಂಬ ವೃದ್ಧೆ ಆ ವಿದ್ಯೆಯಲ್ಲಿ ಅವನಿಗಿಂತ ನಿಪುಣೆ. ನೇರಳೆ ಬಣ್ಣವೆಂದರೆ ಅವಳಿಗೆ ಪ್ರಾಣ. ಈ ಮನೆಯಲ್ಲಿ ಹುಡುಗನಿಗೆ ಮಮತೆಗೆ ಕೊರತೆಯಿಲ್ಲ. ಆದರೆ ರಾತ್ರಿ ಊರೆಲ್ಲ ಮಲಗಿದಾಗ ಚಿಕ್ಕಪ್ಪ ದೀಪ ಹಿಡಿದು ಗೋಡೆಗಳಿಗೆ ಕಿವಿಗೊಟ್ಟು ಅಲೆಯುತ್ತಾನೆ. ಹಿಂದೆ ಅಲ್ಲಿ ವಾಸವಾಗಿದ್ದ ದುಷ್ಟ ಮಾಂತ್ರಿಕನು ಲೋಕನಾಶಕ್ಕಾಗಿ ಹುದುಗಿಸಿಟ್ಟ ಗಡಿಯಾರವೊಂದು ಗೋಡೆಯೊಳಗೆಲ್ಲೋ ಟಿಕ್ ಟಿಕ್ ಎನ್ನುತ್ತಿರುತ್ತದೆ.

ಇಷ್ಟೇ ಆಗಿದ್ದರೆ ಇದೊಂದು ಸಾಮಾನ್ಯ ರೋಚಕ ಕಥೆಯಾಗುತ್ತಿತ್ತು. ಬೆಲೇರ್ಸರು ಕಥೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತಾರೆ. ಶಾಲೆಯಲ್ಲಿ ಎಲ್ಲರ ಮೆಚ್ಚಿನ ಆಟಗಾರನಾದ ಟಾರ್ಬಿಯ ಸ್ನೇಹ ಕೈತಪ್ಪುತ್ತಿರುವುದನ್ನು ಕಂಡ ಲೂಯಿಸ್, ಅವನ ಮೆಚ್ಚುಗೆ ಗಳಿಸಲು, ಸತ್ತವರನ್ನು ಎಬ್ಬಿಸಿ ತೋರಿಸುವೆನೆಂದು ಜಂಬ ಕೊಚ್ಚುತ್ತಾನೆ. ಹ್ಯಾಲೋವೀನ್ ಹಬ್ಬದ ಇರುಳು ಇಬ್ಬರೂ ಸ್ಮಶಾನಕ್ಕೆ ಹೋಗುತ್ತಾರೆ. ಸಮಾಧಿಯಿಂದ ಎದ್ದು ಬರುವವಳು ಆ ಮಾಂತ್ರಿಕನ ಹೆಂಡತಿಯೇ! ಸ್ನೇಹವೂ ಉಳಿಯುವುದಿಲ್ಲ, ತಪ್ಪೂ ತೊಳೆದುಹೋಗುವುದಿಲ್ಲ. ಚಿಕ್ಕಪ್ಪನಿಗೆ ತಿಳಿದರೆ ತನ್ನನ್ನು ಮನೆಯಿಂದ ಕಳಿಸಿಯಾನು ಎಂಬ ಅಂಜಿಕೆಯಿಂದ ಹುಡುಗ ಬಾಯಿ ಬಿಡುವುದಿಲ್ಲ. ಸಮಾಧಿಯ ಹೆಂಗಸಿಗಿಂತ ಆ ಮೌನವೇ ಅವನನ್ನು ಹೆಚ್ಚು ಕಾಡುತ್ತದೆ. ಕಟ್ಟಕಡೆಗೆ ಆ ಗಡಿಯಾರವನ್ನು ಒಡೆಯುವ ಧೈರ್ಯ ಇದೇ ಅಂಜುಬುರುಕ ಹುಡುಗನಿಗೆ ಬರುತ್ತದೆ. ಚಿಕ್ಕಪ್ಪ ಅವನನ್ನು ಕೈಬಿಡುವುದೂ ಇಲ್ಲ.

ಆ ಪುಸ್ತಕವನ್ನು ನಾನು ಹಿಂದಿರುಗಿಸಲಿಲ್ಲ. ಮರುದಿನದಿಂದ ರಾತ್ರಿಯ ಊಟದ ನಂತರ ತಂದೆಮಕ್ಕಳಿಬ್ಬರೂ ಸೇರಿ ಓದತೊಡಗಿದೆವು. ಸ್ಮಶಾನದ ಪ್ರಸಂಗ ಮುಗಿದ ರಾತ್ರಿ ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಅಪ್ಪಾ, ಅಜ್ಜನ ಪೆನ್ನು ನಾನೇ ಕಳೆದೆ" ಎಂದ. ದಿವಂಗತರಾದ ನಮ್ಮ ತಂದೆಯವರು ಕೊನೆಯವರೆಗೂ ಲೆಕ್ಕ ಬರೆಯುತ್ತಿದ್ದ ಶಾಯಿಪೆನ್ನು ಅದು. ತಿಂಗಳಿನಿಂದ ಮನೆಯ ಮೂಲೆಮೂಲೆಯನ್ನೂ ಹುಡುಕಿದ್ದೆವು. ಗೆಳೆಯರಿಗೆ ತೋರಿಸಲೆಂದು ಶಾಲೆಗೆ ಒಯ್ದವನು ಕಳೆದುಕೊಂಡು, ನಮ್ಮೊಡನೆ ತಾನೂ ಹುಡುಕುವಂತೆ ನಟಿಸಿದ್ದನು!

ಕೋಪ ಬಂದದ್ದು ನಿಜ. ಆದರೆ ಈಗಷ್ಟೇ ಓದಿದ ಪುಟ ತೊಡೆಯ ಮೇಲೆ ತೆರೆದೇ ಇತ್ತು. ಅವನ ಮುಖದಲ್ಲಿ ಲೂಯಿಸನ ಅಂಜಿಕೆಯನ್ನೇ ಕಂಡೆ. ಪರೀಕ್ಷೆ ಅವನದಲ್ಲ, ನನ್ನದು ಎನ್ನಿಸಿತು. "ಹೇಳಿದ್ದು ಒಳ್ಳೆಯದಾಯಿತು, ಮಗಾ" ಎಂದಷ್ಟೇ ನುಡಿದೆ. ಬೆಳಿಗ್ಗೆ ಅಜ್ಜಿಯ ಮುಂದೆಯೂ ಅವನೇ ಹೋಗಿ ಹೇಳಿದ. ಪೆನ್ನು ಸಿಗಲಿಲ್ಲ. ಆದರೆ ತಿಂಗಳಿನಿಂದ ಸೊರಗಿದ್ದ ಹುಡುಗ ಅಂದು ಹೊಟ್ಟೆ ತುಂಬ ಉಂಡ.

ಬಳಿಕ ಬೆಲೇರ್ಸರ ಇತರ ಪುಸ್ತಕಗಳನ್ನೂ ಹುಡುಕಿ ಓದಿದೆವು. 1978ರ ಕೃತಿಯೊಂದರಲ್ಲಿ ಆಂಥನಿ ಎಂಬ ಬಾಲಕನಿಗೆ ಒಬ್ಬ ಹಿರಿಯ ಗ್ರಂಥಪಾಲಕಿ ಗೆಳತಿ. 1983ರಿಂದ ಆರಂಭವಾದ ಮಾಲಿಕೆಯಲ್ಲಿ, ಅಜ್ಜ ಅಜ್ಜಿಯರ ಆಸರೆಯಲ್ಲಿ ಬೆಳೆಯುವ ಜಾನಿಗೆ ಮುಂಗೋಪಿಯಾದರೂ ಮೃದುಹೃದಯಿಯಾದ ಎದುರುಮನೆಯ ಪ್ರಾಧ್ಯಾಪಕರು ಆಪ್ತರು. ಎಲ್ಲೆಲ್ಲೂ ಒಂಟಿ ಮಗು, ಅದರ ಪಕ್ಕದಲ್ಲಿ ಒಬ್ಬ ಹಿರಿಯ ಜೀವ. ಕತ್ತಲೆ ಎಷ್ಟೇ ದಟ್ಟವಾಗಿದ್ದರೂ ಈ ಜೊತೆ ತಪ್ಪುವುದಿಲ್ಲ. ಬೆಲೇರ್ಸ್ 1991ರಲ್ಲಿ, 53ರ ವಯಸ್ಸಿನಲ್ಲೇ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ಕಥೆಗಳನ್ನು ಬ್ರಾಡ್ ಸ್ಟ್ರಿಕ್ಲೆಂಡ್ ಪೂರ್ಣಗೊಳಿಸಿ ಮಾಲಿಕೆಯನ್ನು ಮುಂದುವರಿಸಿದರು. ಗಡಿಯಾರದ ಕಥೆ 2018ರಲ್ಲಿ ಚಲನಚಿತ್ರವಾಗಿಯೂ ಬಂದಿತು.

ಭಯದ ಕಥೆಗಳೆಲ್ಲವೂ ಮಕ್ಕಳಿಗೆ ತಕ್ಕವೆಂದು ನಾನು ಹೇಳಲಾರೆ. ಕ್ರೌರ್ಯವನ್ನೇ ಬಂಡವಾಳ ಮಾಡಿಕೊಂಡವೂ ಉಂಟು. ಅವುಗಳನ್ನು ಗುರುತಿಸಲು ಹಿರಿಯರು ತಾವೇ ಮೊದಲು ಓದಬೇಕು. ಒಳ್ಳೆಯ ಪುಸ್ತಕವಾದರೆ ಮಗುವಿನ ಪಕ್ಕದಲ್ಲಿ ಕುಳಿತು ಓದಬೇಕು. ಪ್ರತಿಯೊಂದು ಮಗುವಿನ ಎದೆಗೂಡಿನಲ್ಲೂ ಯಾರಿಗೂ ಹೇಳಲಾಗದ ಅಳುಕೊಂದು ಗಡಿಯಾರದಂತೆ ಮಿಡಿಯುತ್ತಿರಬಹುದು. ಅದನ್ನು ಕೇಳಿಸಿಕೊಳ್ಳಲು ಮನೆಯಲ್ಲೊಬ್ಬರು ಕಿವಿಗೊಟ್ಟಿರಬೇಕು.