ಬಳಸಿದ ಕಾರಿನ ಖರೀದಿ: ಸ್ಟೀರಿಂಗ್ ಮತ್ತು ಗಾಲಿ ಜೋಡಣೆಯ ಪರೀಕ್ಷೆ

ದೇಶದ ಉತ್ತರ ದಕ್ಷಿಣಗಳನ್ನು ಬೆಸೆಯುವ 44ನೆಯ ರಾಷ್ಟ್ರೀಯ ಹೆದ್ದಾರಿಯೂ ಸೂರತ್‌ನಿಂದ ಪಾರಾದೀಪದವರೆಗೆ ಸಾಗುವ 53ನೆಯ ರಾಷ್ಟ್ರೀಯ ಹೆದ್ದಾರಿಯೂ ಸಂಧಿಸುವ ನಗರ ನಾಗಪುರ. ರೈಲ್ವೆ, ಬ್ಯಾಂಕು, ಸಂಶೋಧನಾ ಸಂಸ್ಥೆ, ಕಾರ್ಖಾನೆ ಮೊದಲಾದ ಕಡೆಗಳಲ್ಲಿ ದುಡಿಯುತ್ತ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದು ಹೋಗುವ ಕುಟುಂಬಗಳು ಅನೇಕ. ಅವುಗಳಲ್ಲಿ ಕನ್ನಡಿಗರ ಕುಟುಂಬಗಳೂ ಉಂಟು. ಕೆಲವೇ ವರ್ಷಗಳ ವಾಸಕ್ಕೆ ಹೊಸ ಕಾರಿಗಿಂತ ಬಳಸಿದ ಕಾರೇ ಅನುಕೂಲವೆಂದು ಭಾವಿಸುವವರು ಬಹಳ. ಊರು ಬಿಡುವಾಗ ಕಾರನ್ನು ಮಾರಿ ಹೋಗುವವರೂ ಇರುವುದರಿಂದ ಇಂತಹ ನಗರಗಳಲ್ಲಿ ಹಳೆಯ ಕಾರುಗಳ ಕೊಡುಕೊಳ್ಳುವಿಕೆ ಸಾಮಾನ್ಯವಾಗಿದೆ.

ಹಳೆಯ ಕಾರನ್ನು ನೋಡಲು ಹೋದವರು ಸಾಮಾನ್ಯವಾಗಿ ಬಣ್ಣ, ಆಸನಗಳು, ಓಡಿದ ಕಿಲೋಮೀಟರುಗಳು ಹಾಗೂ ಎಂಜಿನ್ನಿನ ಸದ್ದು, ಇಷ್ಟನ್ನು ಗಮನಿಸುತ್ತಾರೆ. ಕಾರು ನೇರವಾಗಿ ಓಡುತ್ತದೆಯೇ, ತಿರುಗಿಸಿದಷ್ಟೇ ತಿರುಗುತ್ತದೆಯೇ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಹಿಂದೆ ಉಳಿಯುತ್ತವೆ. ಆದರೆ ಪ್ರಯಾಣಿಕರ ಪ್ರಾಣ ಆಧರಿಸಿರುವುದು ಈ ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ.

ನಾಗಪುರದಿಂದ ಮುಂಬಯಿಯ ಕಡೆಗೆ ಸಾಗುವ ಸಮೃದ್ಧಿ ಮಹಾಮಾರ್ಗದ ಅನುಭವ ಇದಕ್ಕೆ ನಿದರ್ಶನ. 701 ಕಿಲೋಮೀಟರು ಉದ್ದದ ಈ ಹೆದ್ದಾರಿಯ ಮೊದಲ ಭಾಗವಾದ ನಾಗಪುರ–ಶಿರಡಿ ಮಾರ್ಗ 2022ರ ಡಿಸೆಂಬರ್ 11ರಂದು ಸಂಚಾರಕ್ಕೆ ತೆರೆಯಿತು. 2025ರ ಜೂನ್ ತಿಂಗಳಲ್ಲಿ ಇಡೀ ಮಾರ್ಗ ಪೂರ್ಣಗೊಂಡಿತು. ಸಮತಟ್ಟಾದ ಪ್ರದೇಶದಲ್ಲಿ ಕಾರುಗಳಿಗೆ ಗಂಟೆಗೆ 120 ಕಿಲೋಮೀಟರು ವೇಗದ ಮಿತಿ ಇರುವ ಈ ರಸ್ತೆಯಲ್ಲಿ ಟೈರು ಸಿಡಿದು ಸಂಭವಿಸಿದ ಅಪಘಾತಗಳು ಕಳವಳ ಉಂಟುಮಾಡಿದವು. 2023ರಲ್ಲಿ ಸಾರಿಗೆ ಅಧಿಕಾರಿಗಳು ಪ್ರವೇಶ ಸ್ಥಳದಲ್ಲಿಯೇ ಟೈರುಗಳನ್ನು ಪರೀಕ್ಷಿಸಿ, ಸವೆದ ಟೈರುಗಳ ವಾಹನಗಳನ್ನು ಹಿಂದಕ್ಕೆ ಕಳುಹಿಸುವ ಕ್ರಮ ಕೈಗೊಂಡರು. ಟೈರು ಅಕಾಲದಲ್ಲಿ ಸವೆಯಲು ಇರುವ ಮುಖ್ಯ ಕಾರಣಗಳಲ್ಲಿ ಗಾಲಿಗಳ ತಪ್ಪು ಜೋಡಣೆಯೂ ಒಂದು.

ಜೋಡಣೆ ಎಂದರೇನು?

ತಿರುವಿನಲ್ಲಿ ಕಾರಿನ ಒಳಬದಿಯ ಮುಂಗಾಲಿ ಚಿಕ್ಕ ವೃತ್ತದಲ್ಲಿಯೂ ಹೊರಬದಿಯ ಮುಂಗಾಲಿ ದೊಡ್ಡ ವೃತ್ತದಲ್ಲಿಯೂ ಸಾಗಬೇಕು. ಆದುದರಿಂದ ಎರಡೂ ಗಾಲಿಗಳು ಒಂದೇ ಕೋನದಲ್ಲಿ ತಿರುಗಿದರೆ ಸಾಲದು. ಇದಕ್ಕೆ ತಕ್ಕ ಏರ್ಪಾಡನ್ನು ಜರ್ಮನಿಯ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಕುದುರೆ ಗಾಡಿಗಳಿಗಾಗಿ ರೂಪಿಸಿದನು. ರುಡಾಲ್ಫ್ ಆಕರ್‌ಮನ್ 1818ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಇಂದಿನ ಕಾರುಗಳಲ್ಲಿಯೂ ಮೂಲ ತತ್ತ್ವ ಅದೇ.

ನೇರ ಓಟಕ್ಕೆ ಸಂಬಂಧಿಸಿದಂತೆ ಮೂರು ಕೋನಗಳು ಮುಖ್ಯವಾಗಿವೆ. ಮೊದಲನೆಯದು ‘ಟೋ’. ಮೇಲಿನಿಂದ ನೋಡಿದಾಗ ಗಾಲಿಗಳ ಮುಂತುದಿಗಳು ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಪ್ರಮಾಣವಿದು. ಮನುಷ್ಯನ ಪಾದಗಳು ಒಳಮುಖವಾಗಿ ಅಥವಾ ಹೊರಮುಖವಾಗಿ ಇರುವುದಕ್ಕೆ ಇದನ್ನು ಹೋಲಿಸಬಹುದು. ಎರಡನೆಯದು ‘ಕ್ಯಾಂಬರ್’, ಅಂದರೆ ಎದುರಿನಿಂದ ನೋಡಿದಾಗ ಗಾಲಿಯ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವುದು. ಮೂರನೆಯದು ‘ಕ್ಯಾಸ್ಟರ್’, ಅಂದರೆ ಪಕ್ಕದಿಂದ ನೋಡಿದಾಗ ಗಾಲಿ ತಿರುಗುವ ಅಕ್ಷಕ್ಕಿರುವ ಓರೆ. ಸೈಕಲ್ಲಿನ ಮುಂಗಾಲಿಯನ್ನು ಹಿಡಿದಿರುವ ಕವಲು ಓರೆಯಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಮುಖ್ಯವಾಗಿ ಈ ಓರೆಯೇ ಕಾರಣ.

ಈ ಕೋನಗಳಲ್ಲಿ ಅಲ್ಪ ವ್ಯತ್ಯಾಸವೂ ದೊಡ್ಡ ಪರಿಣಾಮ ಬೀರುತ್ತದೆ. ಒಂದು ಗಾಲಿ ಓಟದ ದಿಕ್ಕಿನಿಂದ ಕೇವಲ ಅರ್ಧ ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 9 ಮೀಟರಿನಷ್ಟು ಅದು ಅಡ್ಡಕ್ಕೆ ಉಜ್ಜಲ್ಪಡುತ್ತದೆ. ನಾಗಪುರದಿಂದ ಬೆಂಗಳೂರಿಗೆ ಇರುವ ಸುಮಾರು 1,100 ಕಿಲೋಮೀಟರುಗಳ ಪ್ರಯಾಣದಲ್ಲಿ ಇದು 9 ಕಿಲೋಮೀಟರಿಗೂ ಮೀರುತ್ತದೆ. ಟೈರಿನ ರಬ್ಬರು ಸವೆಯುವುದೂ ಇಂಧನ ಹೆಚ್ಚು ವ್ಯಯವಾಗುವುದೂ ಇದರಿಂದಲೇ.

ನಿಂತ ಕಾರಿನ ಪರೀಕ್ಷೆ

ಕಾರನ್ನು ಓಡಿಸುವ ಮೊದಲು ಅದನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಪರೀಕ್ಷಿಸಬೇಕು. ಮೊದಲ ಕೆಲಸ ಟೈರುಗಳ ಗಾಳಿಯ ಒತ್ತಡವನ್ನು ಅಳೆಯುವುದು. ಒಂದು ಬದಿಯ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಕಾರು ಆ ಬದಿಗೆ ಎಳೆಯುತ್ತದೆ. ಆಗ ಉಳಿದ ಪರೀಕ್ಷೆಗಳೆಲ್ಲ ವ್ಯರ್ಥವಾಗುತ್ತವೆ. ಬೇಸಿಗೆಯಲ್ಲಿ ನಾಗಪುರದ ತಾಪಮಾನ 45 ಡಿಗ್ರಿಯನ್ನು ಮುಟ್ಟುವುದುಂಟು. ಉಷ್ಣತೆ 5–6 ಡಿಗ್ರಿ ಏರಿದರೆ ಟೈರಿನ ಒತ್ತಡ ಸುಮಾರು ಒಂದು ಪಿ.ಎಸ್.ಐ.ನಷ್ಟು ಏರುವುದರಿಂದ ಬೆಳಗಿನ ವೇಳೆ, ಕಾರು ಓಡುವ ಮುನ್ನವೇ ಒತ್ತಡವನ್ನು ಅಳೆಯುವುದು ಸೂಕ್ತ. ಇರಬೇಕಾದ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯಲ್ಲಿ ನಮೂದಿಸಿರುತ್ತಾರೆ.

ಅನಂತರ ಎಂಜಿನ್ ಚಾಲೂ ಮಾಡಿ, ಮುಂಗಾಲಿಗಳನ್ನು ನೇರಕ್ಕಿರಿಸಿ, ಸ್ಟೀರಿಂಗ್ ಚಕ್ರವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಬೇಕು. ಹೊರಗೆ ನಿಂತ ಒಬ್ಬರು ಗಾಲಿ ಯಾವಾಗ ಅಲುಗಲು ಆರಂಭಿಸಿತೆಂಬುದನ್ನು ನೋಡಬೇಕು. ಚಕ್ರ ತಿರುಗಿದರೂ ಗಾಲಿ ಅಲುಗದ ಈ ಸಡಿಲಿಗೆ ಗ್ಯಾರೇಜಿನವರು ‘ಪ್ಲೇ’ ಎನ್ನುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಇದು ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಯನ್ನು ಮೀರಕೂಡದು. 37 ಸೆಂಟಿಮೀಟರು ವ್ಯಾಸದ ಚಕ್ರದ ಅಂಚಿನಲ್ಲಿ ಇದು 9 ಸೆಂಟಿಮೀಟರಿಗೂ ಹೆಚ್ಚಾಗುತ್ತದೆ. ಎಲ್ಲ ಬಗೆಯ ವಾಹನಗಳಿಗೂ ಅನ್ವಯಿಸುವ ಕೊನೆಯ ಮಿತಿ ಇದೆಂಬುದನ್ನು ಮರೆಯಬಾರದು. ಮಾರುತಿ 800 ಮೊದಲಾಗಿ ಈಚಿನ ಸಣ್ಣ ಕಾರುಗಳಲ್ಲಿ ಬಳಕೆಯಲ್ಲಿರುವ ರ‍್ಯಾಕ್ ಮತ್ತು ಪಿನಿಯನ್ ಬಗೆಯ ಸ್ಟೀರಿಂಗ್ ಸುಸ್ಥಿತಿಯಲ್ಲಿದ್ದರೆ ಈ ಸಡಿಲು ಒಂದೆರಡು ಸೆಂಟಿಮೀಟರುಗಳ ಒಳಗೇ ಇರುತ್ತದೆ.

ಬಳಿಕ ಚಕ್ರವನ್ನು ಎರಡೂ ಕೊನೆಗಳವರೆಗೆ ತಿರುಗಿಸಿ ನೋಡಬೇಕು. ನಡುವೆ ಎಲ್ಲಿಯೂ ಬಿಗಿ, ತಡೆ ಅಥವಾ ಕಟಕಟ ಸದ್ದು ಇರಬಾರದು. ನೇರ ಸ್ಥಿತಿಯಿಂದ ಎಡಕ್ಕೂ ಬಲಕ್ಕೂ ಸುತ್ತುಗಳು ಸಮನಾಗಿರಬೇಕು. ವಿದ್ಯುತ್ ಸಹಾಯದ ಪವರ್ ಸ್ಟೀರಿಂಗ್ ಇದ್ದಲ್ಲಿ ಅದರ ಎಚ್ಚರಿಕೆಯ ದೀಪ ಕೀಲಿ ತಿರುಗಿಸಿದಾಗ ಹೊತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ದೀಪ ಹೊತ್ತಲೇ ಇಲ್ಲವಾದರೆ ಅದೂ ಸಂದೇಹಕ್ಕೆ ಎಡೆಕೊಡುವ ಸಂಗತಿ. ಸ್ಟೀರಿಂಗ್ ಸಲಾಕೆಗಳ ತುದಿಯಲ್ಲಿರುವ ಬಾಲ್ ಜಾಯಿಂಟುಗಳಿಗೆ ರಬ್ಬರಿನ ಮುಸುಕು ಇರಬೇಕೆಂದು ಅದೇ ನಿಯಮ ವಿಧಿಸುತ್ತದೆ. ಆ ಮುಸುಕು ಹರಿದಿದ್ದರೆ ಧೂಳು ನೀರು ಒಳಸೇರಿ ಜಾಯಿಂಟು ಬೇಗ ಸವೆಯುತ್ತದೆ.

ಟೈರುಗಳು ನುಡಿಯುವ ಸಾಕ್ಷ್ಯ

ಮಾರುವವರು ಹೇಳದ ಸಂಗತಿಗಳನ್ನು ಟೈರುಗಳು ಹೇಳುತ್ತವೆ. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಿತ್ತೆಂದೂ, ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ ತಿಳಿಯಬಹುದು. ಒಂದೇ ಅಂಚು ನುಣುಪಾಗಿ ಸವೆದಿದ್ದರೆ ಕ್ಯಾಂಬರ್ ದೋಷವನ್ನು ಶಂಕಿಸಬೇಕು. ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿನಲ್ಲಿ ನಯವಾಗಿಯೂ ಎದುರು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತೋರಿದರೆ ಅದು ಟೋ ದೋಷದ ಗುರುತು. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಷಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು.

ಮುಂದಿನ ಎರಡು ಟೈರುಗಳು ಮಾತ್ರ ಹೊಚ್ಚ ಹೊಸವಾಗಿದ್ದರೆ ಹಿಗ್ಗುವ ಮೊದಲು ಕಾರಣ ವಿಚಾರಿಸಬೇಕು. ಹೊಸ ಟೈರುಗಳು ಹಳೆಯ ಸವೆತದ ಸಾಕ್ಷ್ಯವನ್ನು ಅಳಿಸಿಬಿಡುತ್ತವೆ. ಹಿಂದಿನ ಟೈರುಗಳನ್ನೂ ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ನೋಡಿದರೆ ಮೊದಲು ಮುಂದಿದ್ದ ಟೈರು ಅಲ್ಲಿ ಸಿಗುವ ಸಂಭವವುಂಟು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಕಾರುಗಳ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂಬ ನಿಯಮವನ್ನೂ ಗಮನದಲ್ಲಿಡಬೇಕು.

ರಸ್ತೆಯ ಮೇಲಿನ ಪರೀಕ್ಷೆ

ರಸ್ತೆಗೆ ಇಳಿಯುವ ಮುನ್ನ ಓಡಿಸುವವರ ಬಳಿ ಲೈಸೆನ್ಸ್ ಇದೆಯೇ, ಕಾರಿನ ವಿಮೆ ಊರ್ಜಿತದಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪರೀಕ್ಷೆಗೆ ವಾಹನ ಸಂಚಾರ ವಿರಳವಾದ, ನೇರವಾದ, ಅಗಲವಾದ ರಸ್ತೆ ಬೇಕು; ಬೆಳಗಿನ ಹೊತ್ತು ಉತ್ತಮ. ನಾಗಪುರದ ಅನೇಕ ಮುಖ್ಯ ರಸ್ತೆಗಳು ಈಗ ಸಿಮೆಂಟ್ ಕಾಂಕ್ರೀಟಿನವು. ಕಾಂಕ್ರೀಟಿನ ಹಲಗೆಗಳು ಕೂಡುವಲ್ಲಿ ಏಳುವ ತಾಳಬದ್ಧ ಸದ್ದನ್ನು ಗಾಲಿಯ ದೋಷವೆಂದು ಭ್ರಮಿಸಬಾರದು.

ಮೊದಲು ನಿಧಾನವಾಗಿ, ಅನಂತರ ಗಂಟೆಗೆ 50–60 ಕಿಲೋಮೀಟರು ವೇಗದಲ್ಲಿ ಕಾರನ್ನು ನೇರವಾಗಿ ಓಡಿಸಬೇಕು. ಆಗ ಸ್ಟೀರಿಂಗ್ ಚಕ್ರದ ಕಡ್ಡಿಗಳು ಸರಿಯಾಗಿ ನಡುವೆ ನಿಂತಿವೆಯೇ ಎಂದು ನೋಡಬೇಕು. ಬಳಿಕ ಹಿಡಿತವನ್ನು ಸಡಿಲಿಸಿ ಕಾರು ಯಾವ ಕಡೆಗೆ ವಾಲುತ್ತದೆಂಬುದನ್ನು ಗಮನಿಸಬೇಕು. ಕೈಗಳನ್ನು ಚಕ್ರದಿಂದ ಪೂರ್ತಿಯಾಗಿ ತೆಗೆಯುವುದು ಸರ್ವಥಾ ಸಲ್ಲದು. ಮಳೆಯ ನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಸುಮಾರು ಶೇಕಡ 2ರಷ್ಟು ಇಳಿಜಾರಾಗಿ ನಿರ್ಮಿಸಿರುತ್ತಾರೆ. ಆದುದರಿಂದ ಎಡಬದಿಯಲ್ಲಿ ಸಾಗುವ ಕಾರು ಮೆಲ್ಲಗೆ ಎಡಕ್ಕೆ ಸರಿಯುವುದು ಸಹಜ. ಮಟ್ಟಸವಾದ ಮೈದಾನದಲ್ಲಿಯೋ ಬೇರೆ ಇಳಿಜಾರಿನ ರಸ್ತೆಯಲ್ಲಿಯೋ ಮತ್ತೊಮ್ಮೆ ಪರೀಕ್ಷಿಸಿದಾಗಲೂ ಕಾರು ಅದೇ ಕಡೆಗೆ ಎಳೆದರೆ ದೋಷ ಕಾರಿನದೇ.

ಎಳೆತ ಯಾವಾಗ ಕಾಣಿಸುತ್ತದೆ ಎಂಬುದರಿಂದ ಅದರ ಮೂಲವನ್ನು ಊಹಿಸಬಹುದು. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ದೋಷ ಬಹುಶಃ ಬ್ರೇಕಿನಲ್ಲಿದೆ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಬ್ರೇಕಿನ ಡಿಸ್ಕ್ ಸೊಟ್ಟಗಾಗಿರಬಹುದು. ಬ್ರೇಕ್ ಒತ್ತದೆಯೇ, ವೇಗ 80ರ ಆಸುಪಾಸಿಗೆ ಬಂದಾಗ ಮಾತ್ರ ನಡುಕ ಕಂಡರೆ ಅದು ಸಾಮಾನ್ಯವಾಗಿ ಗಾಲಿಗಳ ಬ್ಯಾಲೆನ್ಸಿಂಗ್‌ಗೆ ಸಂಬಂಧಿಸಿದ್ದು, ಜೋಡಣೆಗಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸಾಗುವಾಗ ಟಕ ಟಕ ಸದ್ದು ಬಂದರೆ ಮುಂದಿನ ಆಕ್ಸಲ್ಲಿನ ಜಾಯಿಂಟ್ ಸವೆದಿರಬಹುದು. ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೆ ಬಿಗಿಯಾದ ಜಾಯಿಂಟುಗಳನ್ನೋ ಕ್ಯಾಸ್ಟರ್ ದೋಷವನ್ನೋ ಶಂಕಿಸಬೇಕು.

ಇನ್ನೊಂದು ಸರಳ ಪರೀಕ್ಷೆಯೂ ಉಂಟು. ಒದ್ದೆ ಮಾಡಿದ ನೆಲದ ಮೇಲೆ ಹಾಯ್ದು ಒಣ ನೆಲದಲ್ಲಿ ನೇರವಾಗಿ ಮುಂದೆ ಸಾಗಿದರೆ ಗಾಲಿಗಳ ಅಚ್ಚು ಮೂಡುತ್ತದೆ. ಮುಂಗಾಲಿಗಳ ಅಚ್ಚಿಗೆ ಹೋಲಿಸಿದಾಗ ಹಿಂಗಾಲಿಗಳ ಅಚ್ಚುಗಳೆರಡೂ ಒಂದೇ ಬದಿಗೆ ಸರಿದಿದ್ದರೆ ಕಾರು ಓರೆಯಾಗಿ ಓಡುತ್ತಿದೆ ಎಂದರ್ಥ. ಇಂತಹ ಕಾರು ಹಿಂದೆ ಬಲವಾದ ಪೆಟ್ಟು ತಿಂದಿರುವ ಸಾಧ್ಯತೆ ಹೆಚ್ಚು.

ಅಳತೆಯ ಚೀಟಿ

ಎಳೆತವನ್ನು ತೋರಿಸಿದಾಗ ‘ಅಲೈನ್‌ಮೆಂಟ್ ಮಾಡಿಸಿದರೆ ಸರಿಹೋಗುತ್ತದೆ’ ಎಂಬ ಉತ್ತರ ಬರುವುದು ಸಾಮಾನ್ಯ. ಈ ಮಾತು ನಿಜವೂ ಆಗಿರಬಹುದು. ನಿಜವಾದಲ್ಲಿ ಖರ್ಚು ಅಲ್ಪ. ಹಾಗಾದರೆ ಆ ಕೆಲಸ ಮುಂಗಡ ಕೊಡುವ ಮುನ್ನವೇ ಆಗಲಿ ಎಂದು ಖರೀದಿದಾರರು ಕೋರುವುದು ನ್ಯಾಯಸಮ್ಮತ. ಅದರ ಶುಲ್ಕವನ್ನು ತಾವೇ ಭರಿಸಿದರೂ ನಷ್ಟವಿಲ್ಲ.

ಕಂಪ್ಯೂಟರ್ ಯಂತ್ರವಿರುವ ಕೇಂದ್ರಗಳಲ್ಲಿ ಪ್ರತಿ ಗಾಲಿಯ ಕೋನಗಳನ್ನು ಅಳೆದು, ತಯಾರಕರು ವಿಧಿಸಿದ ಮಿತಿಗಳೊಂದಿಗೆ ಹೋಲಿಸಿದ ಚೀಟಿ ದೊರೆಯುತ್ತದೆ. ಸರಿಪಡಿಸುವ ಮುಂಚಿನ ಮತ್ತು ಅನಂತರದ ಎರಡೂ ಅಳತೆಗಳನ್ನು ಕೇಳಿ ಪಡೆಯಬೇಕು. ಅನೇಕ ಸಣ್ಣ ಕಾರುಗಳಲ್ಲಿ ತಿರುಪಿನಿಂದ ಸರಿಪಡಿಸಲು ಬರುವುದು ಮುಂಗಾಲಿಗಳ ಟೋ ಒಂದೇ. ಕ್ಯಾಂಬರ್ ಮತ್ತು ಕ್ಯಾಸ್ಟರ್ ಕಾರಿನ ರಚನೆಯಿಂದಲೇ ನಿಗದಿಯಾಗಿರುತ್ತವೆ. ಟೋ ಮಾತ್ರ ತಪ್ಪಿದ್ದು, ಸರಿಪಡಿಸಿದ ಮೇಲೆ ಎಳೆತ ನಿಂತರೆ ಚಿಂತೆಯಿಲ್ಲ. ಕ್ಯಾಂಬರ್ ಅಥವಾ ಕ್ಯಾಸ್ಟರ್ ಒಂದು ಬದಿಯಲ್ಲಿ ಮಿತಿಯೊಳಗೂ ಇನ್ನೊಂದು ಬದಿಯಲ್ಲಿ ಮಿತಿಯ ಹೊರಗೂ ಇದ್ದರೆ ಯಾವುದೋ ಭಾಗ ಸವೆದಿದೆ ಅಥವಾ ಬಾಗಿದೆ. ಸವೆದ ಭಾಗವನ್ನು ಬದಲಿಸಬಹುದು. ಚೌಕಟ್ಟೇ ಬಾಗಿದ್ದರೆ ಅಂತಹ ಕಾರನ್ನು ಬಿಟ್ಟುಬಿಡುವುದೇ ವಿವೇಕ. ಹೊಳೆಯುವ ಬಣ್ಣ ಮರೆಮಾಚಿದ ಅಪಘಾತವನ್ನು ಈ ಒಂದು ಚೀಟಿ ಬಯಲಿಗೆ ತರಬಲ್ಲುದು.

ಕಾನೂನಿನ ದೃಷ್ಟಿಯಿಂದ

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಲಾರಿ, ಟ್ಯಾಕ್ಸಿ ಮೊದಲಾದ ಸಾರಿಗೆ ವಾಹನಗಳಿಗಿರುವಂತೆ ಆಗಾಗ ಅರ್ಹತಾ ಪತ್ರ ಪಡೆಯುವ ಕಟ್ಟಳೆ ಈ ಅವಧಿಯಲ್ಲಿ ಅದಕ್ಕಿಲ್ಲ. ಹೀಗಾಗಿ ಹತ್ತು ವರ್ಷ ಓಡಿದ ಕಾರಿನ ಸ್ಟೀರಿಂಗನ್ನು ಸರ್ಕಾರದ ಪರವಾಗಿ ಯಾರೂ ನಿಯತವಾಗಿ ಪರೀಕ್ಷಿಸಿರುವುದಿಲ್ಲ. ಆ ಹೊಣೆ ಬಹುಪಾಲು ಖರೀದಿದಾರರದೇ.

1988ರ ಮೋಟಾರು ವಾಹನ ಅಧಿನಿಯಮದ 190ನೆಯ ಪ್ರಕರಣದಂತೆ, ಅಪಾಯಕಾರಿಯಾದ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಶಿಕ್ಷಾರ್ಹ. ದೋಷ ತಿಳಿದಿರಲಿಲ್ಲ ಎಂದು ಹೇಳಿದರೆ ಸಾಲದು. ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದ ದೋಷಕ್ಕೂ ಈ ಪ್ರಕರಣ ಅನ್ವಯಿಸುತ್ತದೆ. ಖರೀದಿಯ ಬಳಿಕ 30 ದಿನಗಳೊಳಗೆ ಒಡೆತನದ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ನಾಗಪುರದಲ್ಲಿ ಕೊಂಡ ಕಾರನ್ನು ಕರ್ನಾಟಕಕ್ಕೆ ಒಯ್ದು ಅಲ್ಲಿಯೇ ಇರಿಸಿಕೊಳ್ಳುವವರು ಮೂಲ ನೋಂದಣಿ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಪಡೆಯುವುದು ಅಗತ್ಯ.

ಮೇಲೆ ವಿವರಿಸಿದ ಪರೀಕ್ಷೆಗಳಿಗೆ ಒಂದು ಬೆಳಗಿನ ಹೊತ್ತು ಸಾಕು. ದುಬಾರಿ ಸಲಕರಣೆಗಳಾಗಲಿ ವಿಶೇಷ ಪಾಂಡಿತ್ಯವಾಗಲಿ ಬೇಕಿಲ್ಲ. ಸಂದೇಹವಿದ್ದಲ್ಲಿ ಪರಿಚಿತ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಕಾರು ಒಂದು ಬದಿಗೆ ಎಳೆಯುವುದು ಜ್ವರದಂತೆ ಒಂದು ಲಕ್ಷಣ ಮಾತ್ರ; ಅದರ ಹಿಂದಿನ ಕಾರಣ ಗಾಳಿಯ ಕೊರತೆಯೂ ಆಗಿರಬಹುದು, ಬಾಗಿದ ಚೌಕಟ್ಟೂ ಆಗಿರಬಹುದು. ಆ ಕಾರಣ ಖಚಿತವಾಗುವವರೆಗೆ ಹಣ ಕೊಡದಿರುವುದು ಕುಟುಂಬದ ಹಿತಕ್ಕೂ ರಸ್ತೆಯಲ್ಲಿ ಎದುರಾಗುವ ಇತರರ ಸುರಕ್ಷತೆಗೂ ಒಳಿತು.