ಆಪ್ ಒಳಗೆ ಕೂತು ಎಂತ ಮಾಡ್ತದೆ? ಸಿಸ್ಟಮ್ ಕಾಲ್ ಪತ್ತೆ ಹಚ್ಚುವ ಕತೆ

 

ವಾಟ್ಸಾಪ್‌ನಲ್ಲಿ ಮದುವೆ ಕಾಗದ ಅಂತ ಒಂದು ಫೈಲ್ ಬರ್ತದೆ. ಕಳಿಸಿದ ನಂಬರ್ ಗುರುತಿನವರದ್ದೇ. ಒತ್ತಿ ನೋಡಿದ್ರೆ ಮದುವೆಯೂ ಇಲ್ಲ, ಕಾಗದವೂ ಇಲ್ಲ. ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಅಂತ ಇದ್ದದ್ದು ಆಮೇಲೆ ಕಾಣ್ತದೆ. ಅಂದ್ರೆ ಅದೊಂದು ಆಪ್. ಎಸ್‌ಎಂಎಸ್ ಓದ್ಲಿಕ್ಕೆ ಅನುಮತಿ ಕೇಳಿತ್ತು, ಗಡಿಬಿಡಿಯಲ್ಲಿ ‘ಅಲೋ’ ಒತ್ತಿಯೂ ಆಗಿತ್ತು. ಈ ಮೋಸದ ಬಗ್ಗೆ ಎಚ್ಚರಿಕೆಯ ಸುದ್ದಿ ನೀವು ಬೇಕಾದಷ್ಟು ಓದಿದ್ದೀರಿ. ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡ್ಬೇಕು ಅನ್ನುವುದೂ ಗೊತ್ತುಂಟು. ಇವತ್ತಿನ ಪ್ರಶ್ನೆ ಬೇರೆ. ಆ ಆಪ್ ಒಳಗೆ ಕೂತು ನಿಜವಾಗಿ ಎಂತ ಮಾಡಿತು ಅಂತ ಕಂಡುಹಿಡಿಯುವುದು ಹೇಗೆ? ತನ್ನ ಬಗ್ಗೆ ಅದು ಹೇಳುವುದನ್ನು ನಂಬುವ ಹಾಗಿಲ್ಲ. ಮಾಡಿದ್ದನ್ನೇ ನೋಡ್ಬೇಕು.

ಅದಕ್ಕೆ ದಾರಿ ಉಂಟು. ಆ ದಾರಿಯ ಒಂದು ಮುಖ್ಯ ತುಂಡು ನಮ್ಮ ಬೆಂಗಳೂರಿನಲ್ಲೇ ತಯಾರಾದದ್ದು.

ಮೊದಲು ಒಂದು ಸಂಗತಿ. ಫೋನಿನಲ್ಲಿ ಇರುವ ಯಾವ ಆಪ್‌ಗೂ ಸ್ವಂತವಾಗಿ ಫೈಲ್ ತೆರೆಯುವ, ನೆಟ್‌ಗೆ ಹೋಗುವ, ಪರದೆ ಮುಟ್ಟುವ ಅಧಿಕಾರ ಇಲ್ಲ. ಇದೆಲ್ಲ ಕರ್ನಲ್‌ನ ಕೈಯಲ್ಲಿ. ಕರ್ನಲ್ ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಆಂಡ್ರಾಯ್ಡ್ ಫೋನಲ್ಲಿ ಅದು ಲಿನಕ್ಸ್. ನಮ್ಮ ಕಡೆಯ ಸೊಸೈಟಿಯ ಹಾಗೆ ಅಂದ್ಕೊಳ್ಳಿ. ನಿಮ್ಮದೇ ಹಣ ಇರಬಹುದು, ಆದ್ರೆ ತಿಜೋರಿ ಕೋಣೆಗೆ ನೀವು ನುಗ್ಗುವ ಹಾಗಿಲ್ಲ. ಕೌಂಟರ್‌ನಲ್ಲಿ ಚೀಟಿ ಬರೆದು ಕೊಡ್ಬೇಕು. ಒಳಗಿನವರು ನೋಡಿ, ಸರಿ ಇದ್ರೆ ಕೆಲಸ ಮಾಡಿ ಕೊಡ್ತಾರೆ. ಇಲ್ಲದಿದ್ರೆ ವಾಪಸ್. ಆ ಚೀಟಿಗೆ ಸಿಸ್ಟಮ್ ಕಾಲ್ ಅಂತ ಹೆಸರು.

ಚೀಟಿಗಳಿಗೆ ನಂಬರ್ ಉಂಟು. ಈಗಿನ ಫೋನ್‌ಗಳಲ್ಲಿ ಇರುವ 64 ಬಿಟ್ ಆರ್ಮ್ ಪ್ರೊಸೆಸರ್‌ನಲ್ಲಿ ಫೈಲ್ ತೆರೆಯುವ ‘ಓಪನ್-ಆ್ಯಟ್’ಗೆ 56, ಓದುವ ‘ರೀಡ್’ಗೆ 63, ಬರೆಯುವ ‘ರೈಟ್’ಗೆ 64. ಆಪ್ ಆ ನಂಬರನ್ನು ಪ್ರೊಸೆಸರ್‌ನ ಒಂದು ರಿಜಿಸ್ಟರ್‌ನಲ್ಲಿ ಇಡ್ತದೆ, ಯಾವ ಫೈಲು, ಎಷ್ಟು ಬೈಟ್ ಅನ್ನುವ ವಿವರವನ್ನು ಬೇರೆ ರಿಜಿಸ್ಟರ್‌ಗಳಲ್ಲಿ ಇಡ್ತದೆ, ಆಮೇಲೆ ಒಂದು ವಿಶೇಷ ಸೂಚನೆ ಕೊಡ್ತದೆ. ಆ ಕ್ಷಣಕ್ಕೆ ಆಪ್ ನಿಲ್ತದೆ, ಕರ್ನಲ್ ಎದ್ದು ಕೂರ್ತದೆ. ನೀವು ಒಂದು ರೀಲ್ ಸ್ಕ್ರೋಲ್ ಮಾಡುವಷ್ಟರಲ್ಲಿ ಇಂತಹ ಚೀಟಿ ರಾಶಿ ರಾಶಿ ಹೋಗಿರ್ತದೆ.

ಹಾಗಾದ್ರೆ ಕೌಂಟರ್ ಹತ್ತಿರ ನಿಂತು ಬಂದ ಚೀಟಿ ಎಲ್ಲ ಬರೆದಿಟ್ಟುಕೊಂಡ್ರೆ ಆಯ್ತಲ್ಲ? ಹೌದು. ಇದಕ್ಕೇ ಸಿಸ್ಟಮ್ ಕಾಲ್ ಟ್ರೇಸಿಂಗ್ ಅನ್ನುವುದು. ಆಪ್ ತನ್ನ ಕೋಡನ್ನು ಎಷ್ಟು ಬೇಕಾದ್ರೂ ಅಡಗಿಸಿ ಇಟ್ಟುಕೊಳ್ಳಲಿ, ಹೊರಗಿನ ಕೆಲಸ ಆಗ್ಬೇಕಾದ್ರೆ ಕೌಂಟರ್‌ಗೆ ಬರಲೇಬೇಕು.

ಇದಕ್ಕೆ ತುಂಬಾ ಹಳೆಯ, ಈಗಲೂ ಜನ ದಿನಾ ಬಳಸುವ ಉಪಕರಣ ‘ಎಸ್-ಟ್ರೇಸ್’. 1991ರ ಸುಮಾರಿಗೆ ಪಾಲ್ ಕ್ರಾನೆನ್‌ಬರ್ಗ್ ಎಂಬವರು ಸನ್ ಕಂಪ್ಯೂಟರ್‌ಗಳಿಗೆ ಬರೆದದ್ದು, ಆಮೇಲೆ ಲಿನಕ್ಸ್‌ಗೆ ಬಂತು. ಅದು ಕೆಲಸ ಮಾಡುವ ಕ್ರಮ ಸ್ವಲ್ಪ ಒರಟು. ಪ್ರತಿ ಚೀಟಿಗೂ ಪ್ರೋಗ್ರಾಮನ್ನು ಎರಡು ಸಲ ನಿಲ್ಲಿಸ್ತದೆ: ಚೀಟಿ ಕೊಡುವಾಗ ಒಂದು ಸಲ, ಉತ್ತರ ಬರುವಾಗ ಇನ್ನೊಂದು ಸಲ. ಪುತ್ತೂರಿಂದ ಸುಳ್ಯಕ್ಕೆ ಹೊರಟ ಬಸ್ಸನ್ನು ಕುಂಬ್ರದಲ್ಲಿ, ಕಾವಿನಲ್ಲಿ, ಜಾಲ್ಸೂರಿನಲ್ಲಿ, ನಡುವಿನ ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿ, ಹತ್ತಿದವರ ಟಿಕೆಟ್ ಒಮ್ಮೆ, ಇಳಿದವರ ಟಿಕೆಟ್ ಒಮ್ಮೆ ಚೆಕ್ ಮಾಡಿದ ಹಾಗೆ. ಲೆಕ್ಕ ಪಕ್ಕಾ ಸಿಗ್ತದೆ, ಆದ್ರೆ ಬಸ್ಸು ಸುಳ್ಯ ಮುಟ್ಟುವಾಗ ಕತ್ತಲಾಗಿರ್ತದೆ. ಬ್ರೆಂಡನ್ ಗ್ರೆಗ್ ಅನ್ನುವ ಎಂಜಿನಿಯರ್ 2014ರಲ್ಲಿ ಇದನ್ನು ಅಳೆದು ತೋರಿಸಿದ್ರು. ಒಂದೊಂದೇ ಬೈಟ್ ಓದಿ ಬರೆಯುವ ಒಂದು ಪ್ರೋಗ್ರಾಮ್ ಎಸ್-ಟ್ರೇಸ್ ಕೆಳಗೆ 442 ಪಟ್ಟು ನಿಧಾನ ಆಯ್ತು. ಅದು ಬೇಕಂತಲೇ ಆರಿಸಿದ ಕೆಟ್ಟ ಉದಾಹರಣೆ ಅನ್ನಿ. ಆದ್ರೂ, ಜನ ಬಳಸ್ತಾ ಇರುವ ಬ್ಯಾಂಕಿನ ಸರ್ವರ್ ಮೇಲೆ ಇದನ್ನು ಹಚ್ಚುವ ಧೈರ್ಯ ಯಾರಿಗೆ ಉಂಟು?

ಇಲ್ಲೇ ಬೆಂಗಳೂರು ಬರುವುದು. ಅಲ್ಲಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬ್‌ನಲ್ಲಿ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಅಂತ ಒಂದು ತಂಡ ಇತ್ತು. ಓಡ್ತಾ ಇರುವ ಕರ್ನಲ್ಲನ್ನು ನಿಲ್ಲಿಸದೆ, ಮತ್ತೆ ಕಂಪೈಲ್ ಮಾಡದೆ, ಒಳಗಿನ ನಮಗೆ ಬೇಕಾದ ಜಾಗದಲ್ಲಿ ಒಂದು ಕಣ್ಣು ಇಡುವ ಉಪಾಯವನ್ನು ಆ ತಂಡದವರು ಮಾಡಿದ್ರು. ಹೆಸರು ‘ಕೆ-ಪ್ರೋಬ್ಸ್’. 2004ರಲ್ಲಿ ಬಂದ ಲಿನಕ್ಸ್ 2.6.9ರಲ್ಲಿ ಅದು ಅಧಿಕೃತವಾಗಿ ಸೇರಿಕೊಂಡಿತು. ಕರ್ನಲ್‌ನ ಸೋರ್ಸ್ ಕೋಡ್ ಯಾರು ಬೇಕಾದ್ರೂ ತೆಗೆದು ಓದಬಹುದು. ಕೆ-ಪ್ರೋಬ್ಸ್ ಫೈಲಿನ ತಲೆಯಲ್ಲಿ ಹೆಸರುಗಳು ಉಂಟು: 2002ರಲ್ಲಿ ಮೊದಲು ಬರೆದವರು ವಂಶಿ ಕೃಷ್ಣ ಎಸ್., 2004ರಲ್ಲಿ ಹೊಸ ಸೌಲಭ್ಯ ಸೇರಿಸಿದವರು ಸುಪರ್ಣಾ ಭಟ್ಟಾಚಾರ್ಯ ಮತ್ತು ಪ್ರಸನ್ನ ಎಸ್. ಪಂಚಮುಖಿ. ಆಮೇಲೆ ವರ್ಷಗಟ್ಟಲೆ ಅದನ್ನು ನೋಡಿಕೊಂಡವರಲ್ಲಿ ಒಬ್ಬರು ಅನಂತ್ ಎನ್. ಮಾವಿನಕಾಯನಹಳ್ಳಿ. ಜಗತ್ತಿನ ಎಲ್ಲ ಲಿನಕ್ಸ್ ಡೆವಲಪರ್‌ಗಳು ಪತ್ರ ಬರೆಯುವಾಗ ‘ಮಾವಿನಕಾಯನಹಳ್ಳಿ’ಯ ಸ್ಪೆಲಿಂಗ್ ಸರಿ ಮಾಡ್ಲಿಕ್ಕೆ ಪಟ್ಟ ಕಷ್ಟವನ್ನು ನೆನೆಸಿಕೊಂಡ್ರೆ ನನಗೆ ಸಣ್ಣ ಖುಷಿ ಆಗ್ತದೆ.

ಉಪಾಯ ಹೀಗೆ. ಕರ್ನಲ್ ಕೂಡ ಕೊನೆಗೆ ಸಾಲಾಗಿ ಇಟ್ಟ ಸೂಚನೆಗಳೇ ಅಲ್ವಾ? ಫೈಲ್ ತೆರೆಯುವ ಕೆಲಸ ಶುರುವಾಗುವ ಜಾಗದ ಒಂದು ಸೂಚನೆಯನ್ನು ಎತ್ತಿ ಪಕ್ಕದಲ್ಲಿ ನಕಲು ಇಡ್ತಾರೆ. ಆ ಜಾಗದಲ್ಲಿ ‘ನಿಲ್ಲು’ ಅನ್ನುವ ಸೂಚನೆ ಕೂರಿಸ್ತಾರೆ. ಇಂಟೆಲ್ ನಮೂನೆಯ ಪ್ರೊಸೆಸರ್‌ನಲ್ಲಿ ಅದು ಬರೇ ಒಂದು ಬೈಟ್. ಪ್ರೊಸೆಸರ್ ಓಡ್ತಾ ಬಂದು ಅಲ್ಲಿ ಎಡವುತ್ತದೆ. ಆಗ ನಮ್ಮ ಬರೆದಿಟ್ಟುಕೊಳ್ಳುವ ಕೋಡ್ ಓಡ್ತದೆ: ಯಾವ ಪ್ರೋಗ್ರಾಮ್, ಯಾವ ಫೈಲ್, ಎಷ್ಟು ಹೊತ್ತಿಗೆ. ನಂತರ ಪಕ್ಕದಲ್ಲಿ ಇಟ್ಟ ಮೂಲ ಸೂಚನೆಯನ್ನು ನಡೆಸಿ, ಏನೂ ಆಗದ ಹಾಗೆ ಮುಂದೆ ಬಿಡ್ತಾರೆ. ಕೆಲಸ ಮುಗಿದ್ರೆ ಮೂಲ ಸೂಚನೆಯನ್ನು ಅದರ ಜಾಗಕ್ಕೇ ಹಾಕಿದ್ರಾಯ್ತು. ಎಸ್-ಟ್ರೇಸ್ ಹಾಗೆ ಇನ್ನೊಂದು ಪ್ರೋಗ್ರಾಮನ್ನು ಎಬ್ಬಿಸಿ, ಕೇಳಿ, ಮಲಗಿಸುವ ರಗಳೆ ಇಲ್ಲ. ಎಲ್ಲವೂ ಕರ್ನಲ್ ಒಳಗೇ ಮುಗಿಯುತ್ತದೆ. ಒಂದು ತಮಾಷೆ ಉಂಟು: ಕೆ-ಪ್ರೋಬ್ಸ್‌ನ ಸ್ವಂತ ಕೋಡಿನ ಮೇಲೆ ಕೆ-ಪ್ರೋಬ್ ಇಡ್ಲಿಕ್ಕೆ ಬಿಡುವುದಿಲ್ಲ. ಎಡವಿದವನು ಎಡವಿದ್ದನ್ನು ಬರೆಯಲು ಹೋಗಿ ಮತ್ತೆ ಅಲ್ಲೇ ಎಡವಿದ್ರೆ ಮೆಷಿನ್ ಅಲ್ಲಿಗೇ ಮಕಾಡೆ.

ಆದ್ರೆ ನೋಡುವ ಕೋಡ್ ತಪ್ಪಿದ್ರೂ ಇಡೀ ಕರ್ನಲ್ ಬೀಳ್ತದೆ, ಅದು ಭಯವೇ. ಅದಕ್ಕೆ ಮದ್ದಾಗಿ ಬಂದದ್ದು ‘ಇ-ಬಿಪಿಎಫ್’. ನೀವು ಬರೆದ ಸಣ್ಣ ಕೋಡನ್ನು ಕರ್ನಲ್ ಮೊದಲು ಸಾಲು ಸಾಲಾಗಿ ಪರೀಕ್ಷೆ ಮಾಡ್ತದೆ. ಮುಗಿಯದೆ ಸುತ್ತುವ ಲೂಪ್ ಉಂಟಾ, ಬೇರೆಯವರ ಮೆಮೊರಿಗೆ ಕೈ ಹಾಕ್ತದಾ ಅಂತ ನೋಡಿ, ಪಾಸಾದ್ರೆ ಮಾತ್ರ ಒಳಗೆ ಬಿಡ್ತದೆ. 2015ರ ಲಿನಕ್ಸ್ 4.1ರಿಂದ ಇಂತಹ ಕೋಡನ್ನು ಕೆ-ಪ್ರೋಬ್‌ಗೆ ಜೋಡಿಸಬಹುದು. ಹಳೆಯ ಬೆಂಗಳೂರಿನ ಕೊಕ್ಕೆಗೆ ಹೊಸ ಚೀಲ ತೂಗು ಹಾಕಿದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆಗೆದು, ಯಾವ ಆಪ್ ಎಷ್ಟು ನೆಟ್ ತಿಂದಿತು ಅಂತ ನೀವು ನೋಡ್ತೀರಲ್ಲ? ಆಂಡ್ರಾಯ್ಡ್ 9ರಿಂದ, ಹೊಸ ಕರ್ನಲ್ ಇರುವ ಫೋನ್‌ಗಳಲ್ಲಿ ಆ ಲೆಕ್ಕ ಇಡುವುದು ಇ-ಬಿಪಿಎಫ್. ಅಲ್ಲಿ ಎಣಿಸುವುದು ಸಿಸ್ಟಮ್ ಕಾಲ್ ಅಲ್ಲ, ನೆಟ್‌ವರ್ಕ್ ಪ್ಯಾಕೆಟ್. ಎಣಿಸುವ ಕ್ರಮ ಒಂದೇ.

ಈಗ ಮದುವೆ ಕಾಗದಕ್ಕೆ ವಾಪಸ್ ಬರುವ. ಆ ಆಪ್‌ನ ಸಿಸ್ಟಮ್ ಕಾಲ್ ಎಲ್ಲ ಬರೆದುಕೊಂಡ್ರೆ ‘ಎಸ್‌ಎಂಎಸ್ ಓದಿತು’ ಅಂತ ಒಂದು ಸಾಲು ಸಿಗ್ತದೆ ಅಂದ್ಕೊಂಡಿದ್ರೆ, ಇಲ್ಲ. ಆಂಡ್ರಾಯ್ಡ್‌ನಲ್ಲಿ ಆಪ್ ನೇರವಾಗಿ ಎಸ್‌ಎಂಎಸ್ ಫೈಲ್ ತೆರೆಯುವುದಿಲ್ಲ. ಮೆಸೇಜ್ ಇಟ್ಟುಕೊಂಡಿರುವ ಬೇರೆ ಪ್ರೋಗ್ರಾಮ್ ಹತ್ತಿರ ಕೇಳ್ತದೆ. ಕೇಳುವ ದಾರಿಯ ಹೆಸರು ಬೈಂಡರ್. ಕೌಂಟರ್‌ನಲ್ಲಿ ನಿಂತವನಿಗೆ ಕಾಣುವುದು ‘ಐ-ಆಕ್ಟಲ್’ ಅನ್ನುವ 29ನೇ ನಂಬರಿನ ಚೀಟಿ ಮಾತ್ರ. ಮೈಕ್ ಕೇಳಿದ್ರೂ ಅದೇ 29, ಲೊಕೇಶನ್ ಕೇಳಿದ್ರೂ 29. ಮುಚ್ಚಿದ ಲಕೋಟೆ ಹೋಯ್ತು ಅಂತ ಗೊತ್ತಾಗ್ತದೆ, ಒಳಗಿನ ಪತ್ರ ಅಲ್ಲ. ಹಾಗಾಗಿ ಇಂತಹ ಆಪ್ ಪರೀಕ್ಷೆ ಮಾಡುವವರು ಬೇರೆಯೇ ಫೋನಲ್ಲಿ ಅಥವಾ ಎಮ್ಯುಲೇಟರ್‌ನಲ್ಲಿ ಅದನ್ನು ಓಡಿಸಿ, ಸಿಸ್ಟಮ್ ಕಾಲ್ ಜೊತೆಗೆ ಬೈಂಡರ್ ಲಕೋಟೆಯನ್ನೂ ಬಿಡಿಸಿ, ನೆಟ್‌ನಲ್ಲಿ ಹೊರಗೆ ಹೋದದ್ದನ್ನೂ ಹೊಂದಿಸಿ ನೋಡ್ತಾರೆ. ಮೂರನ್ನೂ ಒಟ್ಟಿಗೆ ಇಟ್ಟಾಗ ಕತೆ ಗೊತ್ತಾಗುವುದು: ಇಂತಿಷ್ಟು ಹೊತ್ತಿಗೆ ಲಕೋಟೆ ಹೋಯ್ತು, ಉತ್ತರ ಬಂತು, ಕೂಡಲೇ ಇಂತಹ ವಿಳಾಸಕ್ಕೆ ಸಾಕೆಟ್ ತೆರೆದು ಅಷ್ಟು ಬೈಟ್ ಕಳಿಸಿತು.

“ನನ್ನ ಫೋನಲ್ಲಿ ನಾನೇ ಯಾಕೆ ನೋಡ್ಬಾರ್ದು?” ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆಪ್‌ಗೂ ಬೇರೆ ಬೇರೆ ಯೂಸರ್ ನಂಬರ್ ಕೊಟ್ಟಿರ್ತಾರೆ. ಒಂದರ ಚೀಟಿಯನ್ನು ಇನ್ನೊಂದು ಓದುವ ಹಾಗಿಲ್ಲ, ರೂಟ್ ಮಾಡದಿದ್ರೆ ನಿಮಗೂ ಇಲ್ಲ. ಎಸ್-ಟ್ರೇಸ್ ಬಳಸುವ ಬಾಗಿಲಿನಿಂದ ಚೀಟಿ ಮಾತ್ರ ಅಲ್ಲ, ಆ ಪ್ರೋಗ್ರಾಮ್‌ನ ಇಡೀ ಮೆಮೊರಿಯನ್ನೇ ಓದಬಹುದು. ಆ ಬಾಗಿಲು ಎಲ್ಲರಿಗೂ ತೆರೆದಿದ್ರೆ ಮದುವೆ ಕಾಗದದ ಆಪ್ ಎಸ್‌ಎಂಎಸ್‌ಗೆ ಕಾಯುವುದೇ ಬೇಡ, ನೇರ ನಿಮ್ಮ ಬ್ಯಾಂಕ್ ಆಪ್‌ನ ಹೊಟ್ಟೆಗೇ ಕೈ ಹಾಕ್ತಿತ್ತು. ಫೋನ್ ನನ್ನದು, ನೋಡುವ ಹಕ್ಕು ನನಗಿಲ್ಲ ಅನ್ನುವುದು ಕಿರಿಕಿರಿಯೇ. ಆದ್ರೂ ಈ ಬೀಗ ಇರಲಿ ಅಂತಲೇ ನಾನು ಹೇಳುವುದು. ದುಡ್ಡು ಹೋಗುವುದಕ್ಕಿಂತ ಕಿರಿಕಿರಿ ಕಮ್ಮಿ.

ಕೌಂಟರ್‌ನಲ್ಲಿ ಬರೀ ನೋಡುವುದಲ್ಲ, ಕೆಲವು ಚೀಟಿಯನ್ನು ತಗೊಳ್ಳುವುದೇ ಇಲ್ಲ ಅಂತ ಬೋರ್ಡ್ ಹಾಕಿದ್ದೂ ಉಂಟು. 2017ರ ಆಂಡ್ರಾಯ್ಡ್ 8ರಲ್ಲಿ ಬಂದ ‘ಸೆಕ್‌ಕಾಂಪ್’ ಜರಡಿ 64 ಬಿಟ್ ಆರ್ಮ್‌ನ 271 ಸಿಸ್ಟಮ್ ಕಾಲ್‌ಗಳಲ್ಲಿ 17ನ್ನು ಆಪ್‌ಗಳಿಗೆ ಮುಚ್ಚಿತು. ಮುಚ್ಚಿದ್ದನ್ನು ಕೇಳಿದ್ರೆ ಆಪ್ ಕ್ರ್ಯಾಶ್.

ಇನ್ನು ಎಲ್ಲ ಕಟ್ಟೆಯಲ್ಲೂ ನಡೆಯುವ ಚರ್ಚೆ: “ಅಡಿಕೆ ಕೊಯ್ಯುವ ದೋಟಿ ಬಗ್ಗೆ ಮಾತಾಡಿದ್ವಿ ಮಾರಾಯ, ಕೂಡಲೇ ಅದರದ್ದೇ ಜಾಹೀರಾತು ಬಂತು, ಫೋನ್ ಕದ್ದು ಕೇಳ್ತದೆ.” ಇದನ್ನು ವಾದ ಮಾಡಿ ತೀರ್ಮಾನ ಮಾಡ್ಲಿಕ್ಕೆ ಆಗುವುದಿಲ್ಲ, ಆಪ್ ಮಾಡಿದ್ದನ್ನು ನೋಡಿಯೇ ಆಗ್ಬೇಕು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರಿಶೀಲಿಸಿ, ಅದರಲ್ಲಿ ಸುಮಾರು ಅರ್ಧವನ್ನು ಓಡಿಸಿ, ಹೊರಗೆ ಹೋಗುವ ಡೇಟಾ ಹಿಡಿದ್ರು. ಮಾತು ಕದ್ದು ಕಳಿಸಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಆದ್ರೆ ಬಳಸುವವನಿಗೆ ಹೇಳದೆ ಪರದೆಯ ವಿಡಿಯೊ ತೆಗೆದು ಮೂರನೆಯವರಿಗೆ ಕಳಿಸುವ ಆಪ್ ಸಿಕ್ಕಿತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು.

ನಿಮ್ಮ ಕೈಗೆ ಸಿಗುವಷ್ಟು ಎಂತ ಉಂಟು ಅಂದ್ರೆ, ಆಂಡ್ರಾಯ್ಡ್ 12ರ ನಂತರದ ಫೋನಲ್ಲಿ ಪ್ರೈವೆಸಿ ಡ್ಯಾಶ್‌ಬೋರ್ಡ್. ಕಳೆದ 24 ಗಂಟೆಯಲ್ಲಿ ಮೈಕ್, ಕ್ಯಾಮೆರಾ, ಲೊಕೇಶನ್ ಯಾರು ಮುಟ್ಟಿದ್ರು ಅಂತ ಹೊತ್ತಿನ ಸಮೇತ ಹೇಳ್ತದೆ. ಸಿಸ್ಟಮ್ ಕಾಲ್‌ನಷ್ಟು ಕೆಳಗಿನ ಲೆಕ್ಕ ಅಲ್ಲ, ಬೈಂಡರ್‌ನ ಆಚೆ ಕಡೆ ಕೂತವರು ಇಟ್ಟ ಡೈರಿ. ಲಕೋಟೆ ಒಡೆದು ಓದುವ ಕಷ್ಟ ನಿಮಗೆ ಇಲ್ಲ.

ಪುತ್ತೂರಿನಲ್ಲಿ, ಸುಳ್ಯದಲ್ಲಿ ಎಂಜಿನಿಯರಿಂಗ್ ಓದುವವರು ಓಎಸ್ ಲ್ಯಾಬ್‌ನಲ್ಲಿ ‘ಫೋರ್ಕ್’, ‘ಎಕ್ಸೆಕ್’, ‘ವೇಟ್’ ಅಂತ ಪ್ರೋಗ್ರಾಮ್ ಬರೆದಿರ್ತೀರಿ, ರೆಕಾರ್ಡ್ ಬುಕ್‌ನಲ್ಲಿ ಔಟ್‌ಪುಟ್ ಬರೆದು ಸೈನ್ ಹಾಕಿಸಿ ಮರೆತಿರ್ತೀರಿ. ಮುಂದಿನ ಸಲ ಅದೇ ಪ್ರೋಗ್ರಾಮನ್ನು ಎಸ್-ಟ್ರೇಸ್ ಕೆಳಗೆ ಓಡಿಸಿ. ಫೋನಲ್ಲಿ ಟರ್ಮಕ್ಸ್ ಇದ್ದವರು ಅಲ್ಲಿಯೇ ಎಸ್-ಟ್ರೇಸ್ ಪ್ಯಾಕೇಜ್ ಹಾಕ್ಕೊಂಡು, ಫೈಲ್ ಪಟ್ಟಿ ತೋರಿಸುವ ‘ಎಲ್‌ಎಸ್’ ಮೇಲೆ ಹಚ್ಚಬಹುದು. ಟರ್ಮಕ್ಸ್ ತಾನೇ ಶುರು ಮಾಡಿದ ಪ್ರೋಗ್ರಾಮ್ ಆದ ಕಾರಣ ಬೀಗ ಅಡ್ಡ ಬರುವುದಿಲ್ಲ. ಮೊದಲ ಸಾಲು ‘ಎಕ್ಸೆಕ್-ವಿಇ’. ಆಮೇಲೆ ಲೈಬ್ರರಿ ಹುಡುಕುವ ಓಪನ್-ಆ್ಯಟ್‌ಗಳ ಸಾಲು, ಕೆಲವಕ್ಕೆ ‘ಅಂತಹ ಫೈಲ್ ಇಲ್ಲ’ ಅನ್ನುವ ಉತ್ತರ. ಎಷ್ಟೋ ಕೆಳಗೆ ಹೋದ ಮೇಲೆ ನೀವು ಪರದೆಯಲ್ಲಿ ಕಂಡ ಹೆಸರುಗಳು ಒಂದು ರೈಟ್ ಒಳಗೆ ಸಿಗ್ತವೆ, ಅದೂ ಮೊದಲ 32 ಅಕ್ಷರ ಮಾತ್ರ. ಉದ್ದ ಬೇಕಾದ್ರೆ ‘ಮೈನಸ್ ಎಸ್’ ಕೊಟ್ಟು ಸಂಖ್ಯೆ ಹೇಳ್ಬೇಕು. ಬರೀ ಲೆಕ್ಕ ಸಾಕಾದ್ರೆ ‘ಮೈನಸ್ ಸಿ’.

ನಾಲ್ಕು ಫೈಲಿನ ಹೆಸರು ತೋರಿಸ್ಲಿಕ್ಕೆ ಎಷ್ಟು ಚೀಟಿ ಹೋಯ್ತು ಅಂತ ನೋಡಿ, ನಮಗೂ ಬರೆದು ಕಳಿಸಿ. ಮುಂದಿನ ವಾರ ಸಿಗುವ.